ಅರಿವೆಯ ಬೆಲೆ

ಇಂಗ್ಲೆಂಡಿನ ಟ್ಯೂಕ್ಸ್‌ಬರಿ ಎಂಬ ಊರಿನ ಹೊರಬಯಲಿನಲ್ಲಿ 1471ನೆಯ ಇಸವಿಯ ಮೇ ತಿಂಗಳಲ್ಲಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ನಡುವೆ ನಡೆದ ಘೋರಯುದ್ಧವನ್ನು ಈಗಲೂ ಬೇಸಗೆಯ ದಿನಗಳಲ್ಲಿ ಅದೇ ಊರಿನಲ್ಲಿ ಬಹುಜನರ ಸಮ್ಮುಖದಲ್ಲಿ ಅಭಿನಯಿಸಿ ತೋರಿಸುವ ಪದ್ಧತಿಯುಂಟು. ಬಿಲ್ಲುಗಾರರು, ಈಟಿಯವರು, ಕಮ್ಮಾರರು, ಅಡುಗೆಯವರು ಎಂದು ಒಂದು ಪಾಳೆಯಕ್ಕೆ ಪಾಳೆಯವೇ ಅಲ್ಲಿ ಬಂದು ಬೀಡುಬಿಡುತ್ತದೆ. ಹಾಗೆ ಬಂದವರು ಉಳಿದ ದಿನಗಳಲ್ಲಿ ತಂತಮ್ಮ ಉದ್ಯೋಗಗಳಲ್ಲಿರುವ ಸಾಮಾನ್ಯ ಗೃಹಸ್ಥರು. ಇಂಥ ಮಂಡಲಿಗಳು ಯೂರೋಪಿನ ಅನೇಕ ದೇಶಗಳಲ್ಲಿಯೂ ಅಮೆರಿಕೆಯಲ್ಲಿಯೂ ಇವೆ. ಅವರಲ್ಲಿ ಕೆಲವರು ಆಯುಧವಿದ್ಯೆಗೆ, ಕೆಲವರು ಪಾಕಕ್ಕೆ, ಕೆಲವರು ಸಂಗೀತಕ್ಕೆ ಮನಸ್ಸು ಕೊಟ್ಟಿದ್ದರೆ, ಇನ್ನು ಕೆಲವರು ಉಡುಪೊಂದನ್ನೇ ತಮ್ಮ ಸಾಧನೆಯ ವಿಷಯವಾಗಿ ಹಿಡಿದಿದ್ದಾರೆ. ನೋಡುವವರ ಕಣ್ಣಿಗೆ ಹಳೆಯದಾಗಿ ಕಂಡರೆ ಸಾಕೆಂಬ ನಾಟಕದ ವೇಷದಿಂದ ಅವರಿಗೆ ತೃಪ್ತಿಯಿಲ್ಲ. ಆ ಕಾಲದ ಬಟ್ಟೆ ಯಾವುದು, ಬಣ್ಣ ಯಾವುದು, ಕತ್ತರಿಸಿದ ಕ್ರಮ ಯಾವುದು, ದಾರವೂ ಹೊಲಿಗೆಯೂ ಎಂಥವು ಎಂಬುದನ್ನು ಪ್ರಮಾಣಪೂರ್ವಕವಾಗಿ ವಿಚಾರಿಸಿ ತಿಳಿದು, ತಿಳಿದಂತೆಯೇ ಹೊಲಿದು, ಹೊಲಿದುದನ್ನು ತೊಟ್ಟು ನಡೆದಾಡಬೇಕೆಂಬುದು ಅವರ ವ್ರತ.

ಈ ವ್ರತದಿಂದ ಲಭಿಸುವ ಅರಿವುಗಳು ಅನೇಕವಾದರೂ, ಅವೆಲ್ಲಕ್ಕೂ ಮೂಲದಂತಿರುವುದು ಒಂದು. ಅಂದು ಉಡುಪಿನಲ್ಲಿ ಬೆಲೆಯುಳ್ಳದ್ದು ಬಟ್ಟೆ. ಹೊಲಿದವನ ಕೂಲಿ ಅದರ ಮುಂದೆ ಅಲ್ಪ. ಇಂದು ನಾವು ದರ್ಜಿಯ ಅಂಗಡಿಯಲ್ಲಿ ಎಷ್ಟೋ ವೇಳೆ ಬಟ್ಟೆಗಿಂತ ಹೆಚ್ಚನ್ನು ಹೊಲಿಗೆಗೆ ತೆತ್ತು ಬರುವೆವಾದ್ದರಿಂದ, ಈ ವಿಪರ್ಯಯವನ್ನು ಬುದ್ಧಿಯಿಂದ ಒಪ್ಪಿದರೂ ಅನುಭವದಿಂದ ಅರಿಯುವುದು ಸುಲಭವಾಗಿ ಆಗುವುದಿಲ್ಲ. ಕುರಿಯ ಮೈಯಿಂದ ಉಣ್ಣೆಯನ್ನು ಕತ್ತರಿಸಿ, ತೊಳೆದು, ಹಿಂಜಿ, ಕದಿರಿನಿಂದ ನೂತು, ಮಗ್ಗದಲ್ಲಿ ನೆಯ್ದು, ನೆಯ್ದದ್ದನ್ನು ನೀರಿನಲ್ಲಿ ಕುಟ್ಟಿ ಗಟ್ಟಿಗೊಳಿಸಿ, ಮುಳ್ಳುಕಾಯಿಗಳಿಂದ ಅದರ ನವಿರನ್ನೆಬ್ಬಿಸಿ, ಎದ್ದ ನವಿರನ್ನು ದೊಡ್ಡ ಕತ್ತರಿಯಿಂದ ಸಮನಾಗಿ ಸವರಿ, ಬಣ್ಣಕ್ಕೆ ಹಾಕಿ ತೆಗೆಯುವವರೆಗೆ ಎಷ್ಟು ಕೈಗಳು ದುಡಿಯಬೇಕಾಗಿತ್ತೆಂಬುದನ್ನು ನೆನೆದರೆ, ಆ ಬಟ್ಟೆಯ ಒಂದು ಗೇಣನ್ನಾದರೂ ವ್ಯರ್ಥಮಾಡಲು ಯಾರಿಗೆ ಮನಸ್ಸು ಬಂದೀತು? ಒಂದು ಮಗ್ಗಕ್ಕೆ ನೂಲನ್ನೊದಗಿಸುವುದಕ್ಕೆ ಹಲವರು ನೂಲುವವರು ಬೇಕಾಗುತ್ತಿದ್ದರು. ಆದಕಾರಣವೇ ತೊಟ್ಟ ಬಟ್ಟೆಗಳು ಆಸ್ತಿಯಾಗಿ ಮರಣಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. 1616ರಲ್ಲಿ ಮಹಾಕವಿ ಷೇಕ್ಸ್‌ಪಿಯರನು ತನ್ನ ತಂಗಿ ಜೋನಳಿಗೆ ಇಪ್ಪತ್ತು ಪೌಂಡು ಹಣದೊಡನೆ ತನ್ನ ಉಡುಪುಗಳೆಲ್ಲವನ್ನೂ ಬರೆದುಕೊಟ್ಟನು. 1599ರಲ್ಲಿ ಲಂಡನ್ನಿಗೆ ಬಂದಿದ್ದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ, ಶ್ರೀಮಂತರು ತಮ್ಮ ಸೇವಕರಿಗೆ ಬಿಟ್ಟುಹೋದ ಭಾರಿ ಬಟ್ಟೆಗಳನ್ನು ಸೇವಕರು ತೊಡಲಾರದೆ ನಟರಿಗೆ ಮಾರುತ್ತಾರೆಂದು ಬರೆದಿಟ್ಟಿದ್ದಾನೆ. ಯಾರು ಯಾವ ಬಟ್ಟೆ ತೊಡಬಹುದೆಂದು ಅಂತಸ್ತಿಗನುಗುಣವಾಗಿ ವಿಧಿಸುವ ಶಾಸನಗಳು ಇಂಗ್ಲೆಂಡಿನಲ್ಲಿ 1363ರಿಂದ ಹಲವು ಬಾರಿ ಹೊರಟು 1604ರಲ್ಲಿ ರದ್ದಾದವು. ಬಟ್ಟೆ ಅಷ್ಟು ದೊಡ್ಡ ವಸ್ತುವಾಗಿತ್ತು.

ಹೀಗೆ ತೊಟ್ಟು, ಕೊಟ್ಟು, ಬಿಚ್ಚಿ, ಮರಳಿ ಹೊಲಿದು, ಕೊನೆಗೆ ಚಿಂದಿಯಾಗುವತನಕ ಬಳಸಿದ ಮೇಲೆ ಉಳಿಯುವುದಾದರೂ ಏನು? ಮಧ್ಯಯುಗದ ಉಡುಪುಗಳಲ್ಲಿ ನಮ್ಮ ಕಾಲಕ್ಕೆ ಬಂದು ಸೇರಿದವು ಅತ್ಯಲ್ಪ. ಬಂದವುಗಳಲ್ಲಿಯೂ ಸಾಮಾನ್ಯರ ಉಡುಪುಗಳು ಗೋರಿಯಿಂದಲೋ ಕೆಸರಿನಿಂದಲೋ ಕಸದಿಂದಲೋ ದೈವವಶಾತ್ ದೊರೆತವುಗಳು. ಸ್ವೀಡನ್ನಿನ ಬಾಕ್ಸ್ಟನ್ ಎಂಬಲ್ಲಿ 1936ರಲ್ಲಿ ಜೌಗುನೆಲದೊಳಗಿಂದ, ಗೂಟಗಳನ್ನು ಹೊಡೆದು ಹೂತಿದ್ದ ಒಬ್ಬ ಮನುಷ್ಯನ ದೇಹ ಹೊರಬಂದಿತು. ಅವನ ಅಂಗಿ, ಮೇಲುಹೊದಿಕೆ, ಬಾಲವುಳ್ಳ ಕುಲಾವಿ, ಕಾಲುಡುಪು ಎಲ್ಲವೂ ಜೊತೆಯಲ್ಲಿಯೇ ಉಳಿದಿದ್ದವು. ಆಸ್ಟ್ರಿಯದ ಲೆಂಗ್‌ಬರ್ಗ್ ಕೋಟೆಯನ್ನು 2008ರಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ ಮಹಡಿಯ ನೆಲದಡಿಯಲ್ಲಿ ತುಂಬಿದ್ದ ಕಸದೊಳಗೆ ಹದಿನೈದನೆಯ ಶತಮಾನದ ಬಟ್ಟೆಯ ಚೂರುಗಳು ಸಾವಿರಗಟ್ಟಲೆ ಸಿಕ್ಕಿ, ಅವುಗಳಲ್ಲಿ ಹೆಂಗಸರ ಎದೆಗಟ್ಟುಗಳೂ ಇದ್ದವು. ಇಂಥ ಒಳಉಡುಪು ಇತ್ತೀಚಿನ ಕಾಲದ ಕಲ್ಪನೆಯೆಂದು ನಂಬಿದ್ದವರು 2012ರಲ್ಲಿ ಆ ಸುದ್ದಿ ಪ್ರಕಟವಾದಾಗ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಇವೆಲ್ಲಕ್ಕಿಂತಲೂ ಸಮೃದ್ಧವಾದ ಭಂಡಾರ ದೊರೆತದ್ದು ಗ್ರೀನ್‌ಲೆಂಡಿನ ದಕ್ಷಿಣ ತೀರದ ಹೆರ್ಯೊಲ್ಫ್ಸ್‌ನೆಸ್‌ನಲ್ಲಿ. ಹತ್ತನೆಯ ಶತಮಾನದ ಅಂತ್ಯದಲ್ಲಿ ಐಸ್‌ಲೆಂಡಿನಿಂದ ಹೋಗಿ ಅಲ್ಲಿ ನೆಲಸಿದ ನಾರ್ಸ್ ಜನರು ಹದಿನೈದನೆಯ ಶತಮಾನದ ವೇಳೆಗೆ ಚರಿತ್ರೆಯಿಂದಲೇ ಮರೆಯಾದರು. ಅವರ ಇಗರ್ಜಿಯ ಸ್ಮಶಾನವನ್ನು ಸಮುದ್ರವು ಅಂಚಿನಿಂದ ಕೊರೆದು ನುಂಗುತ್ತಿದ್ದಾಗ, 1921ರಲ್ಲಿ ಪೌಲ್ ನೋರ್‌ಲುಂಡ್ ಎಂಬ ಡೇನಿಷ್ ವಿದ್ವಾಂಸರು ಅದನ್ನು ಅಗೆಸಿದರು. ಶವಪೆಟ್ಟಿಗೆಗೆ ಬೇಕಾದ ಮರ ದುರ್ಲಭವಾಗಿದ್ದ ಆ ದೇಶದಲ್ಲಿ ಅನೇಕ ಮೃತರನ್ನು ಅವರವರ ಉಡುಪುಗಳಲ್ಲಿಯೇ ಸುತ್ತಿ ಹೂತಿದ್ದರು. ಹೆಪ್ಪುಗಟ್ಟಿದ ನೆಲ ಆ ಉಣ್ಣೆಯನ್ನು ಐದುನೂರಕ್ಕೂ ಹೆಚ್ಚು ವರ್ಷ ಕಾಪಾಡಿತ್ತು. ಗಿಡಗಳ ಬೇರುಗಳು ನೂಲಿನೊಳಗೆ ಹೆಣೆದುಕೊಂಡು, ಬಣ್ಣವೆಲ್ಲ ಮಣ್ಣಿನ ಕಂದಾಗಿದ್ದ ಆ ನಿಲುವಂಗಿಗಳೂ ಕುಲಾವಿಗಳೂ ಕಾಲುಚೀಲಗಳೂ ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಹೊಲಿಯಲು ಕಲಿಯುವವನಿಗೆ ಇವು ಸಾಕ್ಷಾತ್ ಗುರುಗಳೆಂದರೂ ಸಲ್ಲುತ್ತದೆ. ಏಕೆಂದರೆ ಅರಸರ ಚಿತ್ರಗಳಲ್ಲಿ ಉಡುಪಿನ ಹೊರಮೈ ಮಾತ್ರ ಕಾಣುತ್ತದೆ. ಇಲ್ಲಿಯಾದರೋ ಒಳಮೈಯನ್ನು ತಿರುಗಿಸಿ, ಜೋಡಣೆ ಎಲ್ಲಿ, ಮಡಿಕೆ ಎಷ್ಟು, ಸೂಜಿ ಯಾವ ಪಕ್ಕದಿಂದ ಹೋಯಿತೆಂಬುದನ್ನು ನೋಡಬಹುದು.

ಆ ನಿಲುವಂಗಿಗಳ ರಚನೆಯನ್ನು ಗಮನಿಸಿ. ಮುಂಭಾಗಕ್ಕೂ ಹಿಂಭಾಗಕ್ಕೂ ನೇರವಾದ ತುಂಡುಗಳು. ಕೆಳಗೆ ಅಂಗಿ ಅಗಲವಾಗಿ ಹರಡಲೆಂದು ಪಕ್ಕಗಳಲ್ಲಿಯೂ ನಡುವಿನಲ್ಲಿಯೂ ಸೇರಿಸಿದ ಉದ್ದನೆಯ ತ್ರಿಕೋನಗಳು. ಚತುರಸ್ರವಾದ ಬಟ್ಟೆಯನ್ನು ಕರ್ಣದುದ್ದಕ್ಕೂ ಕತ್ತರಿಸಿದರೆ ಎರಡು ತ್ರಿಕೋನಗಳಾಗುತ್ತವೆ, ಚೂರೂ ಉಳಿಯುವುದಿಲ್ಲ. ನಮ್ಮ ಹಳೆಯ ಜುಬ್ಬದಲ್ಲಿ ಪಕ್ಕದ ಓರೆತುಂಡುಗಳನ್ನೂ ಕಂಕುಳಿನ ಚೌಕವನ್ನೂ ಇಟ್ಟು ಹೊಲಿಯುವುದನ್ನು ಕಂಡವರಿಗೆ ಈ ಲೆಕ್ಕ ಹೊಸದಾಗಿ ತೋರದು. ಇಂದಿನ ಕಾಗದದ ನಮೂನೆಯನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುವವನು ದೇಹದಿಂದ ಆರಂಭಿಸಿ ಬಟ್ಟೆಗೆ ಬರುತ್ತಾನೆ, ಮಿಕ್ಕದ್ದನ್ನು ಗುಡಿಸಿ ಎಸೆಯುತ್ತಾನೆ. ಅಂದಿನವನು ಬಟ್ಟೆಯ ಅಗಲವೆಷ್ಟೆಂಬುದರಿಂದ ಆರಂಭಿಸಿ ದೇಹಕ್ಕೆ ಬರುತ್ತಿದ್ದನು. ಈ ಒಂದು ವ್ಯತ್ಯಾಸವನ್ನು ತಿಳಿಯದೆ ಹೊಲಿದ ಉಡುಪು, ಅದರ ಮೇಲೆ ಎಷ್ಟೇ ಅಲಂಕಾರ ಮಾಡಿದರೂ, ಹಳೆಯದರಂತೆ ಮೈಮೇಲೆ ಬೀಳುವುದಿಲ್ಲ.

ಪುನರುಜ್ಜೀವನ ಯುಗಕ್ಕೆ ಬಂದರೆ ಕತ್ತರಿಯ ಕೌಶಲ ಬಹಳ ಬೆಳೆದಿತ್ತಾದರೂ ಮಿತವ್ಯಯ ಸಡಿಲವಾಗಲಿಲ್ಲ. 1580ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಹ್ವಾನ್ ದೆ ಅಲ್ಸೇಗ ಎಂಬ ದರ್ಜಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ರೇಖಾಗಣಿತವೆಂಬ ಮಾತು ಸೇರಿದೆ. ಇಂತಿಷ್ಟು ಅಗಲದ ಬಟ್ಟೆಯಲ್ಲಿ ಇಂಥ ಉಡುಪಿನ ತುಂಡುಗಳನ್ನು ಹೇಗೆ ಒತ್ತೊತ್ತಾಗಿ ಇರಿಸಿ ಕತ್ತರಿಸಬೇಕೆಂಬ ನಕ್ಷೆಗಳೇ ಅದರ ಸಾರ. ಅದಕ್ಕೆ ತುಸು ಮುಂಚೆ, ಇಟಲಿಯ ಮೊರೋನಿ ಎಂಬ ಚಿತ್ರಕಾರನು ರಚಿಸಿದ ದರ್ಜಿಯ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೆಂಪು ಚಲ್ಲಣ, ಹಾಲುಬಣ್ಣದ ಮೇಲಂಗಿ ತೊಟ್ಟ ಯುವಕನೊಬ್ಬನು ಕತ್ತರಿಯನ್ನು ಹಿಡಿದು, ಸೀಮೆಸುಣ್ಣದ ಗೆರೆಗಳನ್ನೆಳೆದ ಕಪ್ಪು ಬಟ್ಟೆಯ ಮುಂದೆ ನಿಂತು ನಮ್ಮನ್ನು ನೋಡುತ್ತಾನೆ. ಒಂದು ಸಾರಿ ಕತ್ತರಿಯಾಡಿದರೆ ಮರಳಿ ಕೂಡಿಸಲಾಗದ ಬೆಲೆಯುಳ್ಳ ವಸ್ತುವಿನೆದುರಿಗೆ ನಿಂತವನ ಗಾಂಭೀರ್ಯ ಆ ಮುಖದಲ್ಲಿದೆಯೆಂದು ನನ್ನ ಭಾವನೆ.

ಚಿತ್ರಗಳನ್ನು ಪ್ರಮಾಣವಾಗಿ ಹಿಡಿಯುವಾಗ ವಿವೇಕ ಬೇಕು. ದೇವದೂತರಿಗೂ ಪುರಾಣಪುರುಷರಿಗೂ ಚಿತ್ರಕಾರರು ತೊಡಿಸಿದ ಉಡುಪುಗಳು ಬಹುಮಟ್ಟಿಗೆ ಕಲ್ಪಿತವಾದವು. ಹೊಲದಲ್ಲಿ ದುಡಿಯುವ ರೈತರನ್ನು ಬರೆದ ಪಂಚಾಂಗಚಿತ್ರಗಳು ಇವುಗಳಿಗಿಂತ ನಂಬಿಕೆಗೆ ಅರ್ಹ. ಫ್ಲಾರೆನ್ಸಿನ ಒಡೆಯ ಕಾಸಿಮೊ ಮೆಡಿಚಿಯ ಮಡದಿ ಎಲಿಯನೋರಳ ಚಿತ್ರವನ್ನು ಸುಮಾರು 1545ರಲ್ಲಿ ಬ್ರೋಂಜಿನೋ ಬರೆದನು. ಬಿಳಿಯ ರೇಷ್ಮೆಯ ಮೇಲೆ ಕಪ್ಪು ಮಖಮಲ್ಲು ಮತ್ತು ಚಿನ್ನದ ದಾಳಿಂಬೆಗಳುಳ್ಳ ಅದರ ಉಡುಪು ಜಗತ್ಪ್ರಸಿದ್ಧ. 1562ರಲ್ಲಿ ತೀರಿಹೋದ ಆಕೆಯನ್ನು ಅದೇ ಉಡುಪಿನಲ್ಲಿ ಹೂತರೆಂಬ ಕಥೆ ದೀರ್ಘಕಾಲ ಪ್ರಚಾರದಲ್ಲಿತ್ತು. ಗೋರಿಯಿಂದ ದೊರೆತ ಚೂರುಗಳನ್ನು ಬಹು ಶ್ರಮದಿಂದ ಶುದ್ಧಮಾಡಿ ಜೋಡಿಸಿದಾಗ ಕಂಡದ್ದು ಬೇರೆಯೇ ಒಂದು ಉಡುಪು, ಸ್ಯಾಟಿನ್ನಿನ ಮೇಲೆ ಕಸೂತಿಯ ಪಟ್ಟಿಗಳಿದ್ದದ್ದು. ಹೊಲಿಯುವವರಿಗೆ ಚಿತ್ರದ ಉಡುಪಿಗಿಂತ ಈ ಶಿಥಿಲವಾದ ಉಡುಪೇ ಹೆಚ್ಚು ಉಪಕಾರಮಾಡಿದೆ. ಇದರ ಅಳತೆಯನ್ನು ತೆಗೆಯಲು ಸಾಧ್ಯವಾಯಿತು.

ಅಳತೆ ತೆಗೆದವರಲ್ಲಿ ಅಗ್ರಗಣ್ಯರಾದ ಜ್ಯಾನೆಟ್ ಆರ್ನಲ್ಡ್ ಎಂಬ ಆಂಗ್ಲ ವಿದುಷಿಯನ್ನು ಈ ಕ್ಷೇತ್ರದ ಜನರೆಲ್ಲ ಕೃತಜ್ಞತೆಯಿಂದ ನೆನೆಯುತ್ತಾರೆ. 1932ರಿಂದ 1998ರವರೆಗೆ ಬದುಕಿದ್ದ ಆಕೆ ಹಲವು ದೇಶಗಳ ಸಂಗ್ರಹಗಳಿಗೆ ಹೋಗಿ, ಉಳಿದಿರುವ ಉಡುಪುಗಳ ಒಂದೊಂದು ಜೋಡಣೆಯನ್ನೂ ಅಸ್ತರಿನ ಒಳಗಿನ ತೇಪೆಯನ್ನೂ ಅಳೆದು, ಚೌಕುಳಿಯ ಹಾಳೆಯ ಮೇಲೆ ಎಂಟರಲ್ಲೊಂದು ಪ್ರಮಾಣದಲ್ಲಿ ಬರೆದಿಟ್ಟರು. 1560ರಿಂದ 1620ರವರೆಗಿನ ಉಡುಪುಗಳ ಅವರ ನಮೂನೆಗಳು 1985ರಲ್ಲಿ ಪುಸ್ತಕರೂಪದಲ್ಲಿ ಬಂದವು. ಅದರ ಪುಟಗಳನ್ನು ತಿರುವಿದವರು ಆಶ್ಚರ್ಯಪಡುವ ಸಂಗತಿಯೊಂದಿದೆ: ಮಹಾಶ್ರೀಮಂತರ ಮಖಮಲ್ಲಿನ ಅಂಗಿಯಲ್ಲಿಯೂ ಕಣ್ಣಿಗೆ ಬೀಳದ ಕಡೆಗಳಲ್ಲಿ ಅಂಗೈಯಗಲದ ಚೂರುಗಳನ್ನು ಕೂಡಿಸಿ ಕೂಡಿಸಿ ಹೊಲಿದಿದ್ದಾರೆ. ಆರ್ನಲ್ಡರ ದಾರಿಯಲ್ಲಿ ಮುಂದುವರಿದ ಜೆನ್ನಿ ಟಿರಮಾನಿ ಲಂಡನ್ನಿನ ಗ್ಲೋಬ್ ರಂಗಮಂದಿರದ ನಟರಿಗೆ ಅಂದಿನ ಬಟ್ಟೆಯಲ್ಲಿ ಅಂದಿನ ಕ್ರಮದಿಂದಲೇ ಉಡುಪುಗಳನ್ನು ಹೊಲಿಸಿದರು. 2014ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿ ಅವರಿಗೆ ಬಂದದ್ದು ಆ ಸಾಧನೆಗಾಗಿಯೇ.

ಹೊಸದಾಗಿ ಈ ವಿದ್ಯೆಗೆ ಕೈಹಾಕುವವರು ಮೇಲಿನ ವೈಭವದಿಂದ ತೊಡಗದೆ ಮೈಗೆ ತಗಲುವ ಒಳಅಂಗಿಯಿಂದ ತೊಡಗಬೇಕು. ಅದು ಕ್ಷೌಮದ್ದು, ಎಂದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಯಾಗುವ ಅಗಸೆಯ ಗಿಡದ ನಾರಿನಿಂದ ನೆಯ್ದದ್ದು. ಆಯತಗಳನ್ನೂ ಚೌಕಗಳನ್ನೂ ಕೂಡಿಸಿದ ಅಂಗಿಯಾದ್ದರಿಂದ ಕತ್ತರಿಸುವುದು ಕಠಿಣವಲ್ಲ. ಜೇನುಮೇಣ ಸವರಿದ ನಾರಿನ ದಾರದಿಂದ ಸಣ್ಣ ಹೊಲಿಗೆ ಹಾಕುವ ತಾಳ್ಮೆ ಅಭ್ಯಾಸದಿಂದ ಬರುತ್ತದೆ. ಹದಿನೈದನೆಯ ಶತಮಾನದ ಗಂಡಸಿಗೆ ಇದರ ಮೇಲೆ ಬಿಗಿಯಾದ ಮೇಲಂಗಿ, ಅದರ ಅಂಚಿಗೆ ಲಾಡಿಗಳಿಂದ ಕಟ್ಟುವ ಉಣ್ಣೆಯ ಕಾಲುಡುಪು. ಹೆಣೆದ ಬಟ್ಟೆಯ ಕಾಲುಡುಪು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಕಾಲಿಗಂಟಿಕೊಳ್ಳುವ ಗುಣವನ್ನು ತಂದದ್ದು ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಉಪಾಯ; ಹಾಸುಹೊಕ್ಕುಗಳಿಗೆ ಓರೆಯಾಗಿ ಎಳೆದಾಗ ನೆಯ್ಗೆ ಹಿಗ್ಗುತ್ತದಷ್ಟೆ. ಸೊಂಟದ ಪಟ್ಟಿಯ ಹಂಗಿಲ್ಲದ ಈ ಕಟ್ಟಿನಲ್ಲಿ ಕಾಲುಡುಪಿನ ಭಾರವನ್ನು ಹೊರುವುದು ಮೇಲಂಗಿ. ಅದು ಸೊಂಟದ ತೆಳುಜಾಗದಲ್ಲಿ ಸರಿಯಾಗಿ ಕುಳಿತಿರದಿದ್ದರೆ ಬಗ್ಗಿದೊಡನೆ ಲಾಡಿ ಹರಿಯುತ್ತದೆ. ಕುಳಿತಿದ್ದರೆ ತೊಟ್ಟವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. 1364ರಲ್ಲಿ ಯುದ್ಧದಲ್ಲಿ ಮಡಿದ ಷಾರ್ಲ್ ದೆ ಬ್ಲ್ವಾ ಎಂಬ ಫ್ರೆಂಚ್ ಪ್ರಭುವಿನದೆಂದು ಪರಂಪರೆ ಹೇಳುವ ಒಂದು ಮೇಲಂಗಿಯಲ್ಲಿ ತೋಳಿನ ಕಂಡಿ ಎದೆಯ ಮೇಲೂ ಬೆನ್ನಿನ ಮೇಲೂ ವಿಸ್ತಾರವಾಗಿ ಹರಡಿದೆ. ಅದನ್ನು ಅನುಸರಿಸಿ ಹೊಲಿದು ತೊಟ್ಟವರು, ಅಂಗಿ ಎದೆಗೆ ಬಿಗಿದುಕೊಂಡಿದ್ದರೂ ತೋಳನ್ನು ಮೇಲಕ್ಕೆತ್ತಿದಾಗ ನಡು ಜಗ್ಗುವುದಿಲ್ಲವೆಂದು ಹೇಳುತ್ತಾರೆ. ಆ ವಿಚಿತ್ರ ಆಕಾರದ ಪ್ರಯೋಜನ ಕೈಯೆತ್ತಿದಾಗ ತಿಳಿಯತಕ್ಕದ್ದು.

ಯಂತ್ರದಲ್ಲಿ ಹೊಲಿಯಬಹುದೆ ಎಂಬ ಪ್ರಶ್ನೆ ಈ ಮಂಡಲಿಗಳಲ್ಲಿ ತೀರದ ಚರ್ಚೆ. ಕಾಣದ ಉದ್ದ ಜೋಡಣೆಗಳನ್ನು ಯಂತ್ರಕ್ಕೆ ಬಿಟ್ಟು, ಹೊರಗೆ ಕಾಣುವ ಅಂಚು, ಕಾಜ, ಗುಂಡಿಗಳನ್ನು ಕೈಯಿಂದ ಮಾಡುವುದು ಹಲವರ ರೂಢಿ; ಬಿಡುವು ಕಡಮೆಯಿರುವವರನ್ನು ಇದಕ್ಕಾಗಿ ಆಕ್ಷೇಪಿಸಬೇಕಾಗಿಲ್ಲ. ಕೃತಕನೂಲಿನ ಬಟ್ಟೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ತೋರಬಾರದೆಂದು ನಾನು ಹೇಳುವೆನು. ಪಾಳೆಯದಲ್ಲಿ ಬಯಲು ಒಲೆಯ ಬೆಂಕಿಯ ಬಳಿ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ; ಉಣ್ಣೆಯಾದರೋ ಬೇಗ ಉರಿ ಹಿಡಿಯುವುದಿಲ್ಲ, ಹಿಡಿದರೂ ತಾನೇ ಆರುತ್ತದೆ. ಇನ್ನು ಬಣ್ಣಗಳು: ನಮ್ಮ ಮಂಜಿಷ್ಠದ ಸೋದರಿಯಾದ ಮ್ಯಾಡರ್ ಬೇರಿನಿಂದ ಕೆಂಪು, ವೆಲ್ಡ್ ಗಿಡದಿಂದ ಹಳದಿ, ವೋಡ್ ಎಲೆಯಿಂದ ನೀಲಿ. ಕೆಂಪು, ಹಳದಿಗಳು ಉಣ್ಣೆಯಲ್ಲಿ ನಿಲ್ಲಬೇಕಾದರೆ ಪಟಿಕದ ಸಂಸ್ಕಾರ ಆಗಬೇಕು. ವೋಡಿನಲ್ಲಿರುವ ನೀಲಿ ಸತ್ತ್ವವೂ ಭಾರತದ ನೀಲಿಗಿಡದ್ದೂ ಒಂದೇ. 1498ರಲ್ಲಿ ವಾಸ್ಕೋ ಡ ಗಾಮನು ಕಂಡುಹಿಡಿದ ಜಲಮಾರ್ಗವಾಗಿ ನಮ್ಮ ನೀಲಿ ಯಥೇಚ್ಛವಾಗಿ ಹೋಗಿ ಬೀಳತೊಡಗಿದಾಗ, ವೋಡ್ ಬೆಳೆಗಾರರನ್ನು ರಕ್ಷಿಸಲು ಜರ್ಮನಿ, ಫ್ರಾನ್ಸ್‌ಗಳಲ್ಲಿ ಅದರ ವಿರುದ್ಧ ನಿಷೇಧಾಜ್ಞೆಗಳೇ ಹೊರಟವು.

ಇಷ್ಟೆಲ್ಲ ತಿಳಿದ ಮೇಲೂ ಕೊನೆಗೆ ಎದುರಾಗುವ ತೊಡಕು ಬಟ್ಟೆಯದೇ. ಹಳೆಯ ಕಾಲದ ಒಳ್ಳೆಯ ಉಣ್ಣೆಬಟ್ಟೆಯನ್ನು ಎಷ್ಟು ಗಾಢವಾಗಿ ಕುಟ್ಟಿ ಒತ್ತಾಗಿಸುತ್ತಿದ್ದರೆಂದರೆ ಕತ್ತರಿಸಿದ ಅಂಚು ಎಳೆಬಿಡುತ್ತಿರಲಿಲ್ಲ, ಅದನ್ನು ಮಡಿಸದೆ ಹಾಗೆಯೇ ಬಿಡಬಹುದಾಗಿತ್ತು. ಇಂದಿನ ಅಂಗಡಿಗಳಲ್ಲಿ ಅಂಥದು ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ಹೊಲಿಗೆಯಿಂದ ಆರಂಭಿಸಿದವರು ಮಗ್ಗದ ಬಳಿಗೆ, ಮಗ್ಗದಿಂದ ಕದಿರಿನ ಬಳಿಗೆ, ಕದಿರಿನಿಂದ ಕುರಿಯ ಬಳಿಗೆ ನಡೆಯುತ್ತಿದ್ದಾರೆ. ಗ್ರೀನ್‌ಲೆಂಡಿನ ಆ ಬಟ್ಟೆಗೆ ಉಣ್ಣೆ ಕೊಟ್ಟದ್ದು ಉತ್ತರದ ಗಿಡ್ಡಬಾಲದ ಕುರಿ. ಅದರ ಮೈಯಲ್ಲಿ ಹೊರಗೆ ಉದ್ದನೆಯ ಒರಟು ಕೂದಲೂ ಒಳಗೆ ಮೆತ್ತನೆಯ ಮರಿಗೂದಲೂ ಎರಡು ಪದರಗಳಾಗಿರುತ್ತವೆ. ಹೊರಗಿನದನ್ನು ಬೇರ್ಪಡಿಸಿ ನೂತು ಹಾಸಿಗೂ, ಒಳಗಿನದನ್ನು ನೂತು ಹೊಕ್ಕಿಗೂ ಬಳಸುತ್ತಿದ್ದರು. ಆ ವಂಶದ ಕುರಿಗಳು ಐಸ್‌ಲೆಂಡಿನಲ್ಲಿಯೂ ನಾರ್ವೆಯಲ್ಲಿಯೂ ಫೇರೋ ದ್ವೀಪಗಳಲ್ಲಿಯೂ ಇನ್ನೂ ಮೇಯುತ್ತಿರುವುದರಿಂದ ಹೆರ್ಯೊಲ್ಫ್ಸ್‌ನೆಸ್‌ನ ನಿಲುವಂಗಿಯನ್ನು ಅದಕ್ಕೆ ಉಚಿತವಾದ ನೂಲಿನಿಂದಲೇ ಮತ್ತೆ ನೆಯ್ದು ಹೊಲಿಯುವುದಕ್ಕೆ ಇಂದಿಗೂ ಅವಕಾಶವುಂಟು.