ಮೀಟರ್ ಬಿಡಿ, ಗಾಜು ನೋಡಿ

ಹಳೇ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಇಲ್ಲವೇ ಎಷ್ಟು ಓಡಿದೆ ಎಂದು ಮೀಟರಿಗೆ ಕಣ್ಣು ಹಾಕುತ್ತಾರೆ. ಮೈಸೂರಿನ ಮೇಟಗಳ್ಳಿಯ ಗ್ಯಾರೇಜೊಂದರ ಹಿರಿಯ ಮೆಕ್ಯಾನಿಕ್ ಎರಡನ್ನೂ ಮಾಡಲಿಲ್ಲ. ಒದ್ದೆ ಬಟ್ಟೆ ತಗೊಂಡು ಕಿಟಕಿ ಗಾಜಿನ ಕೆಳಮೂಲೆ ಒರೆಸಿದರು, ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದರು, ಮುಂದಿನ ಬಾಗಿಲಿಗೆ ಹೋಗಿ ಮತ್ತೆ ಅದನ್ನೇ ಮಾಡಿದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ ಬಂದವರು ಹೇಳಿದ್ದು ಒಂದೇ ಮಾತು: ‘ಎಡಗಡೆ ಹಿಂದಿನ ಬಾಗಿಲು ಕಥೆ ಹೇಳ್ತಾ ಇದೆ ಸಾರ್.’

ಕಾರು ನೋಡಲು ಬಂದಿದ್ದವರು ನಮ್ಮ ಬೀದಿಯ ದಂಪತಿ. ನಾನು ಜೊತೆಗೆ ಹೋಗಿದ್ದೆ. ಮನೆಯ ಕಾರು ಬೆಳಿಗ್ಗೆಯೇ ಯಜಮಾನರ ಜೊತೆ ಕೆಲಸಕ್ಕೆ ಹೋಗಿಬಿಡುತ್ತದೆ. ಮೇಡಂ ಶಾಲೆಗೆ ಹೋಗಬೇಕು, ಮಗಳನ್ನು ಟ್ಯೂಷನ್ನಿಗೆ ಬಿಡಬೇಕು, ಅತ್ತೆಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು. ದಿನಕ್ಕೆ ಹದಿನೈದು, ಇಪ್ಪತ್ತು ಕಿಲೋಮೀಟರ್ ಓಡಾಟ. ಇದಕ್ಕೆ ಹೊಸ ಕಾರಿನ ಸಾಲ ಏಕೆ ಎಂಬುದು ಅವರ ಪ್ರಶ್ನೆ, ನನಗೂ ಅದು ಸರಿ ಅನಿಸಿತ್ತು. ಬ್ರೋಕರ್ ತೋರಿಸಿದ್ದು ಬಿಳಿ ಬಣ್ಣದ ವ್ಯಾಗನ್ ಆರ್. ಕೆಎ 09 ನೋಂದಣಿ, 2013ರ ಮಾಡೆಲ್, ಸಿಂಗಲ್ ಓನರ್, ಓಡಿದ್ದು 43 ಸಾವಿರ ಕಿ.ಮೀ. ಪೇಂಟ್ ಹೊಳೆಯುತ್ತಿತ್ತು, ಸೀಟಿಗೆ ಹೊಸ ಕವರ್ ಬಂದಿತ್ತು.

ಗಾಜಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಾರಿನ ಪ್ರತಿ ಗಾಜಿನ ಮೂಲೆಯಲ್ಲೂ ಒಂದು ಸಣ್ಣ ಮುದ್ರೆ ಇರುತ್ತದೆ: ಗಾಜು ಮಾಡಿದ ಕಂಪನಿಯ ಹೆಸರು, ಐಎಸ್‌ಐ ಗುರುತು, ಒಂದಷ್ಟು ಸಂಖ್ಯೆ. ಅವುಗಳ ಕೆಳಗೆ ಒಂಟಿಯಾಗಿ ಒಂದು ಅಂಕಿ, ಅದರ ಅಕ್ಕಪಕ್ಕ ಕೆಲವು ಚುಕ್ಕಿ. ಒಂಟಿ ಅಂಕಿ ಗಾಜು ತಯಾರಾದ ವರ್ಷದ ಕೊನೆಯ ಅಂಕಿ, ಚುಕ್ಕಿಗಳು ತಿಂಗಳ ಲೆಕ್ಕ. ಚುಕ್ಕಿ ಎಣಿಸುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಕೆಲವರು ವರ್ಷವನ್ನು ಎರಡು ಅಂಕಿಯಲ್ಲೇ ಬರೆಯುತ್ತಾರೆ. ಅದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಒಂದು ಗಾಜನ್ನು ಇನ್ನೊಂದರ ಜೊತೆ ಹೋಲಿಸಿದರೆ ಸಾಕು. ಫ್ಯಾಕ್ಟರಿಯಿಂದ ಹೊರಟ ಕಾರಿನ ಗಾಜುಗಳೆಲ್ಲ ಹೆಚ್ಚು ಕಡಿಮೆ ಒಂದೇ ಕಾಲದವಾಗಿರುತ್ತವೆ, ಸಾಮಾನ್ಯವಾಗಿ ಒಂದೇ ಕಂಪನಿಯವೂ ಆಗಿರುತ್ತವೆ.

ಈ ಕಾರಿನ ಮೂರು ಬಾಗಿಲು ಮತ್ತು ಹಿಂಬದಿಯ ಗಾಜಿನಲ್ಲಿ ‘2’ ಇತ್ತು. ನೋಂದಣಿ 2013ರ ಫೆಬ್ರುವರಿ ಆದರೂ ಕಾರು ತಯಾರಾದದ್ದು 2012ರ ಕೊನೆಯಲ್ಲಿ. ಆರ್‌ಸಿಯಲ್ಲೂ ತಯಾರಾದ ಕಾಲ ಅದೇ ಇತ್ತು. ವರ್ಷಾಂತ್ಯದ ಸ್ಟಾಕನ್ನು ಹೊಸ ವರ್ಷದಲ್ಲಿ ನೋಂದಾಯಿಸುವುದು ಎಲ್ಲ ಕಡೆ ಇರುವುದೇ. ಆದರೆ ಬೆಲೆ ಮಾತಾಡುವಾಗ ಅದು 2012ರ ಕಾರು ಎಂಬುದು ನೆನಪಿರಬೇಕು. ಮುಂದಿನ ವಿಂಡ್‌ಶೀಲ್ಡ್ ಆಮೇಲಿನದು. ಅದಕ್ಕೆ ಮೆಕ್ಯಾನಿಕ್ ತಲೆ ಕೆಡಿಸಿಕೊಳ್ಳಲಿಲ್ಲ, ಹೈವೇಯಲ್ಲಿ ಲಾರಿ ಚಕ್ರದಿಂದ ಸಿಡಿದ ಕಲ್ಲಿಗೆ ಯಾರ ಕಾರಿನ ಮುಂಗಾಜೂ ಹೋಗಬಹುದು. ಎಡ ಹಿಂಬಾಗಿಲ ಗಾಜಿನಲ್ಲಿ ‘7’ ಇತ್ತು, ಕಂಪನಿಯೂ ಬೇರೆ. ಬಾಗಿಲ ಗಾಜು ಒಡೆಯಬೇಕಾದರೆ ಒಂದೋ ಕಳ್ಳತನದ ಯತ್ನ, ಇಲ್ಲವೇ ಪಕ್ಕದಿಂದ ಬಿದ್ದ ಪೆಟ್ಟು.

ಯಾವುದು ಎಂದು ತಿಳಿಯಲು ಅವರು ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಕಿತ್ತರು. ಒಳಗೆ ತಗಡಿನ ಅಂಚು. ಬಲಗಡೆಯ ಅಂಚಿನಲ್ಲಿ ಫ್ಯಾಕ್ಟರಿಯ ಸ್ಪಾಟ್ ವೆಲ್ಡಿಂಗ್ ಗುಳಿಗಳು ಸಮ ಅಂತರದಲ್ಲಿ, ಬೊಟ್ಟು ಇಟ್ಟ ಹಾಗೆ ದುಂಡಗೆ ಇದ್ದವು. ಎಡಗಡೆ ನಡುಕಂಬದ ಹತ್ತಿರ ಒಂದು ಗೇಣು ಉದ್ದಕ್ಕೆ ಗುಳಿಗಳೇ ಇಲ್ಲ, ಉಜ್ಜಿ ನುಣುಪಾಗಿಸಿ ಮೇಲೆ ಸೀಲೆಂಟ್ ಬಳಿದಿದ್ದರು. ಬಾಗಿಲ ಕೆಳಗೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟರೆ ಜಾರಿ ಕೆಳಗೆ ಬಿತ್ತು. ತಗಡಿನ ಮೇಲೆ ಪುಟ್ಟಿ ದಪ್ಪಗೆ ಮೆತ್ತಿದ್ದರು. ಪಕ್ಕದಿಂದ ಜೋರಾಗಿ ಗುದ್ದಿಸಿಕೊಂಡು ಟಿಂಕರಿಂಗ್ ಮಾಡಿಸಿಕೊಂಡ ಕಾರು ಅದು. ಅಷ್ಟಕ್ಕೂ ಮೂಲ ಸುಳಿವು ಕೊಟ್ಟಿದ್ದು ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಅಂಕಿ! ಅಂದಿನಿಂದ ಪಾರ್ಕಿಂಗಿನಲ್ಲಿ ನಿಂತ ಯಾವ ಕಾರು ಕಂಡರೂ ನನ್ನ ಕಣ್ಣು ಗಾಜಿನ ಮೂಲೆಗೇ ಹೋಗುತ್ತದೆ. ಕಾರು ತನ್ನ ಜಾತಕವನ್ನು ತನ್ನ ಮೈಮೇಲೇ ಬರೆಸಿಕೊಂಡು ತಿರುಗುತ್ತದೆ.

ಟೈರ್‌ಗಳಲ್ಲೂ ಹಾಗೇ. ಟೈರಿನ ಬದಿಯ ಮೇಲೆ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಈ ಕಾರಿನ ಸ್ಟೆಪ್ನಿ 4512, ಅಂದರೆ 2012ರ 45ನೇ ವಾರದ್ದು. ಕಾರಿನ ಜೊತೆಗೇ ಬಂದದ್ದು, ನೆಲ ಮುಟ್ಟಿದ ಗುರುತೇ ಇಲ್ಲ. ಓಡುತ್ತಿದ್ದ ನಾಲ್ಕೂ 2018ರವು, ಸವೆದು ಗೀರುಗಳೊಳಗಿನ ಸವೆತದ ಗುರುತಿಗೆ, ಅಂದರೆ 1.6 ಮಿಲಿಮೀಟರಿಗೆ, ಬಂದು ನಿಂತಿದ್ದವು. ‘ಮೊದಲನೇ ಸೆಟ್ ಸವೆದು 2018ರಲ್ಲಿ ಬದಲಾಯಿಸಿದಾರೆ. ಎರಡನೇ ಸೆಟ್ಟೂ ಮುಗಿದಿದೆ. ಇಂಥ ಗಾಡೀಲಿ ಒಂದು ಸೆಟ್ ನಲವತ್ತು ಸಾವಿರ ಬರುತ್ತೆ ಅಂದ್ರೂ ಲೆಕ್ಕ ಹಾಕಿ ಮೇಡಂ’ ಎಂದರು. ಲೆಕ್ಕ ಹಾಕುವುದೇನೂ ಕಷ್ಟವಿರಲಿಲ್ಲ. ಕ್ಲಚ್ ಪೆಡಲಿನ ರಬ್ಬರಿನ ಗೀರುಗಳು ಅಳಿಸಿಹೋಗಿದ್ದವು, ಸ್ಟೇರಿಂಗ್ ಹಿಡಿಯುವ ಜಾಗ ನುಣ್ಣಗಾಗಿತ್ತು. ಮಾಲೀಕರ ಒಪ್ಪಿಗೆ ಪಡೆದು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಿದಾಗ 2019ರಲ್ಲೇ 58 ಸಾವಿರ ದಾಟಿತ್ತು. ಮೀಟರ್ ತಿರುಗಿಸಿದ್ದು ಯಾರೆಂದು ಯಾರೂ ಹೇಳಲಿಲ್ಲ.

ಮೆಕ್ಯಾನಿಕ್ ಬೇಡ ಎಂದದ್ದು ಮೀಟರಿನ ಕಾರಣಕ್ಕಲ್ಲ. ಎಂಬತ್ತೋ ತೊಂಬತ್ತೋ ಸಾವಿರ ಓಡಿದ ಆ ಇಂಜಿನ್ ಇನ್ನೂ ಅಷ್ಟೇ ದೂರ ಓಡುತ್ತದೆ, ಬೆಲೆ ಇಳಿಸಿ ತಗೊಂಡರೆ ನಷ್ಟವಿಲ್ಲ ಎಂದೇ ಅವರು ಹೇಳಿದ್ದು. ನಡುಕಂಬ ಕತ್ತರಿಸಿ ಕೂಡಿಸಿದ ಕಾರಿನಲ್ಲಿ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸುವುದು ಬೇಡ ಎಂದರು. ಆ ಮಾತಿಗೆ ಮೇಡಂ ಕೂಡಲೇ ಕಾರಿನಿಂದ ದೂರ ಸರಿದರು.

ಹಾಗಾದರೆ ಯಾವ ಕಾರು? ಮಾರುತಿ 800ರ ಕಥೆ ಎಲ್ಲರಿಗೂ ಗೊತ್ತು: 1983ರ ಡಿಸೆಂಬರಿನಲ್ಲಿ ಮೊದಲ ಕೀ ಇಂದಿರಾ ಗಾಂಧಿಯವರ ಕೈಯಿಂದ ಗ್ರಾಹಕರಿಗೆ ಸಿಕ್ಕಿತು, 2010ರಲ್ಲಿ ಬಿಎಸ್-4 ನಿಯಮ ಬಂದಾಗ ಬೆಂಗಳೂರೂ ಸೇರಿ 13 ನಗರಗಳಲ್ಲಿ ಮಾರಾಟ ನಿಂತಿತು, 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ಅಕ್ಕರೆಯಿಂದ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ದಿನನಿತ್ಯದ ಎರಡನೇ ಕಾರಾಗಿ ಅದರ ಕಾಲ ಮುಗಿದಿದೆ. 1998ರಲ್ಲಿ ಬಂದ ಸ್ಯಾಂಟ್ರೊ ಕೂಡ ಅದೇ ಸಾಲಿಗೆ ಸೇರುತ್ತಿದೆ. ಈಗ ಹುಡುಕಬೇಕಾದದ್ದು 2010ರಿಂದ 2016ರ ನಡುವಿನ ಸಣ್ಣ ಪೆಟ್ರೋಲ್ ಕಾರುಗಳನ್ನು ಎಂದು ನನ್ನ ಅಭಿಪ್ರಾಯ. 2010ರಲ್ಲಿ ವ್ಯಾಗನ್ ಆರ್ ಮತ್ತು ಆಲ್ಟೊ ಕೆ10ಕ್ಕೆ ಬಂದ 998 ಸಿಸಿಯ ಕೆ-ಸೀರೀಸ್ ಇಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆ. ಹಳೆಯ ವ್ಯಾಗನ್ ಆರ್, ಆಲ್ಟೊ 800ರಲ್ಲಿ ಇರುವುದು ಬೆಲ್ಟ್. ಬೆಲ್ಟ್ ಕೆಟ್ಟದ್ದೇನೂ ಅಲ್ಲ. ಆದರೆ ಅದನ್ನು ಇಂತಿಷ್ಟು ಕಿಲೋಮೀಟರಿಗೆ ಬದಲಾಯಿಸಲೇಬೇಕು, ಮೀಟರ್ ಸುಳ್ಳು ಹೇಳುವ ಕಾರಿನಲ್ಲಿ ಅದು ಬದಲಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ನನಗೆ ತುಸು ಹೆಚ್ಚು ಪ್ರೀತಿ ಇರುವುದು ಟೊಯೊಟಾ ಇಟಿಯೋಸ್ ಲೀವಾ ಮೇಲೆ. ನಮ್ಮ ಬಿಡದಿಯಲ್ಲೇ ತಯಾರಾದ ಕಾರು, 2011ರಲ್ಲಿ ಬಂದು 2020ರಲ್ಲಿ ನಿಂತಿತು. ಮೀಟರನ್ನು ಡ್ಯಾಶ್‌ಬೋರ್ಡಿನ ನಡುವೆ ಇಟ್ಟದ್ದು ಹೆಚ್ಚಿನವರಿಗೆ ಹಿಡಿಸಲಿಲ್ಲ, ಒಳಾಂಗಣ ಸಾದಾ ಎಂದು ದೂರಿದರು, ಟ್ಯಾಕ್ಸಿಯವರು ಇಟಿಯೋಸನ್ನು ಮೆಚ್ಚಿಕೊಂಡದ್ದರಿಂದ ಮನೆಗೆ ಬೇಡ ಎಂದವರೂ ಉಂಟು. ಟ್ಯಾಕ್ಸಿಯವರು ಒಂದು ಕಾರನ್ನು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸುತ್ತಾರೆಂದರೆ ಅದಕ್ಕಿಂತ ದೊಡ್ಡ ಶಿಫಾರಸು ಯಾವುದಿದೆ? 2016ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಇಟಿಯೋಸ್ ದೊಡ್ಡವರ ಸುರಕ್ಷತೆಗೆ ನಾಲ್ಕು ಸ್ಟಾರ್ ಪಡೆದಿತ್ತು. ಅದೇ ಸಂಸ್ಥೆ 2014ರಲ್ಲಿ ಪರೀಕ್ಷಿಸಿದ ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಐ10ಗಳಿಗೆ ಒಂದೂ ಸಿಕ್ಕಿರಲಿಲ್ಲ. ಚಾಲಕರ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದೇ 2019ರಲ್ಲಿ. ಹಾಗಾಗಿ ಹಳೇ ಕಾರುಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಇರುವ ಮೇಲಿನ ವೇರಿಯೆಂಟ್ ಸಿಕ್ಕರೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಡೀಸೆಲ್ ಬಗ್ಗೆ ನನಗೆ ನಂಬಿಕೆ ಕಡಿಮೆ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡುವ ಕಾರಿನಲ್ಲಿ ಉಳಿಯುವ ಇಂಧನದ ಹಣವನ್ನು ಒಂದು ಇಂಜೆಕ್ಟರ್ ಅಥವಾ ಟರ್ಬೊ ರಿಪೇರಿ ನುಂಗಿಹಾಕುತ್ತದೆ. ‘ಡಾಕ್ಟರ್ ಓಡಿಸಿದ ಗಾಡಿ’ ಎಂಬ ಮಾತಿಗೂ ನಾನು ಕಿವಿಗೊಡುವುದಿಲ್ಲ.

ಕಾರು ಎಲ್ಲಿ ಓಡಿದೆ ಎಂಬುದು ಯಾರು ಓಡಿಸಿದರು ಎಂಬುದಕ್ಕಿಂತ ಮುಖ್ಯ. ಮಂಗಳೂರು, ಉಡುಪಿ ಕಡೆಯ ಕಾರಿಗೆ ಉಪ್ಪುಗಾಳಿಯ ಕಾಟ; ಲಿಫ್ಟಿಗೆ ಎತ್ತಿಸಿ ತಳ ನೋಡಬೇಕು, ಬಾಗಿಲ ಕೆಳಗಿನ ನೀರು ಹೋಗುವ ತೂತುಗಳಲ್ಲಿ ಬೆರಳಾಡಿಸಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿದ್ದಕ್ಕೆ ಕ್ಲಚ್ ಬೇಗ ಸವೆದಿರುತ್ತದೆ. 2022ರ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಭಾಗದಲ್ಲಿ ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರುಗಳೂ ತೊಳೆಸಿಕೊಂಡು ಮಾರುಕಟ್ಟೆಗೆ ಬಂದಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಒಳಗೆ ಸುತ್ತಿಕೊಂಡಿರುವ ತುದಿಯನ್ನು ಯಾರೂ ತೊಳೆಯುವುದಿಲ್ಲ, ನೀರು ನಿಂತಿದ್ದರೆ ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕೂ ಅದನ್ನೇ ಹೇಳುತ್ತದೆ.

ನಮ್ಮ ದಂಪತಿ ಕೊನೆಗೆ ಕೊಂಡದ್ದು ಆ ಮೆಕ್ಯಾನಿಕ್ ವರ್ಷಗಳಿಂದ ಸರ್ವಿಸ್ ಮಾಡುತ್ತಿದ್ದ 2014ರ ಲೀವಾ. ಮೀಟರಿನಲ್ಲಿ ಒಂದು ಲಕ್ಷದ ಹತ್ತಿರ ಇತ್ತು, ಪ್ರತಿ ಆಯಿಲ್ ಬದಲಾವಣೆಯ ಬಿಲ್ಲೂ ಇತ್ತು, ಬಂಪರಿನ ಮೇಲೆ ಗೀರುಗಳು ಹಾಗೇ ಇದ್ದವು. ಗೇಟಿಗೆ ತಾಗಿದ ಗೀರನ್ನು ಮುಚ್ಚದೆ ಮಾರುವವರ ಮೇಲೆ ನನಗೆ ವಿಶ್ವಾಸ ಹೆಚ್ಚು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮೊದಲ ಸ್ಟಾರ್ಟಿಗೇ ಹೋಗಿ ನಿಂತಿದ್ದೆವು. ಬಿಸಿಮಾಡಿ ಇಟ್ಟ ಇಂಜಿನ್ ಏನನ್ನೂ ತಿಳಿಸುವುದಿಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ, ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ ಕಟ್ಟಿರಲಿಲ್ಲ, ರೇಡಿಯೇಟರಿನಲ್ಲಿ ಬಣ್ಣದ ಕೂಲೆಂಟ್ ಇತ್ತು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಎ.ಸಿ. ಹಾಕಿಕೊಂಡೇ ಹತ್ತಿಸಿದರೂ ಟೆಂಪರೇಚರ್ ಏರಲಿಲ್ಲ. ಗಾಜುಗಳ ಅಂಕಿ? ಎಲ್ಲವೂ ಒಂದೇ. ಆ ಪರೀಕ್ಷೆಯನ್ನು ನಾನೇ ಕೇಳಿ ಮಾಡಿದೆ.

ಕಾಗದಪತ್ರಗಳಲ್ಲಿ ಜನ ಎಡವುವುದು ಹೆಚ್ಚಾಗಿ ಆರ್‌ಸಿಯ ಅವಧಿಯಲ್ಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಬೇಕು. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಹೊರರಾಜ್ಯದ ಕಾರು ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಎನ್‌ಒಸಿ ತಂದು ಇಲ್ಲಿನ ಜೀವಾವಧಿ ತೆರಿಗೆ ಕಟ್ಟಿದ ಮೇಲೆ ಅಗ್ಗದ ಮಾತು ಉಳಿಯುವುದಿಲ್ಲ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಸಾಲದ ನಮೂದು, ಎಷ್ಟನೇ ಓನರ್ ಎಂಬುದನ್ನು ನೋಡಿ. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದೂ ನೋಡಿ. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ನೋ ಕ್ಲೇಮ್ ಬೋನಸ್ ಮಾತ್ರ ಮಾರಿದವರ ಜೊತೆಗೇ ಹೋಗುತ್ತದೆ.

ಕೊಂಡ ಬೆಲೆಯ ಮೇಲೆ ಒಂದು ಮೂವತ್ತು ನಲವತ್ತು ಸಾವಿರ ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಲೋವರ್ ಆರ್ಮ್ ಬುಷ್ ಇವಿಷ್ಟರಲ್ಲೇ ಅದು ಖರ್ಚಾಗುತ್ತದೆ. ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್, ಈ ವಯಸ್ಸಿನ ಕಾರುಗಳು ಅದಕ್ಕಾಗಿ ತಯಾರಾದವಲ್ಲ. ಹಾಗಾಗಿ ಮೊದಲ ಸರ್ವಿಸಿನಲ್ಲೇ ಪೆಟ್ರೋಲ್ ಪೈಪಿನ ರಬ್ಬರ್, ಫ್ಯೂಯೆಲ್ ಫಿಲ್ಟರ್ ನೋಡಿಸಿ. ವಾರಗಟ್ಟಲೆ ಓಡಿಸದೆ ನಿಲ್ಲಿಸಬೇಡಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಒಂದು ಭಾಗವನ್ನು ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ತಡೆಹಿಡಿಯಿರಿ. ಮತ್ತು ಎರಡನೇ ಕೀಯನ್ನು ಅವತ್ತೇ ಕೇಳಿ ಪಡೆಯಿರಿ, ಕಳೆದುಹೋಗಿದೆ ಎಂದರೆ ಹೊಸ ಕೀ ಮಾಡಿಸುವ ಖರ್ಚನ್ನು ಅವರ ಲೆಕ್ಕಕ್ಕೇ ಹಾಕಿ.