ಕುಕ್ಕರ್ ಕೊಂಡಂತೆ ರೈಫಲ್ ಕೊಳ್ಳಬಹುದೇ?



ಈ ಪುಟಗಳಲ್ಲಿ ಇಷ್ಟು ದಿನ ಹಬ್ಬ-ಹರಿದಿನ, ಹೋಳಿಗೆ, ಗೊಜ್ಜು ಎಂದು ಬರೆದುಕೊಂಡಿದ್ದ ನಾನು ಈ ಸಲ ರೈಫಲಿನ ಬಗ್ಗೆ ಬರೆಯುತ್ತೇನೆಂದಾಗ ಸಂಪಾದಕರು ನಕ್ಕರು. ನೀವೂ ನಗಬಹುದು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಮೂವತ್ತು ವರ್ಷ ಹೈದರಾಬಾದಿನಲ್ಲಿ ಸಂಸಾರ ಮಾಡಿದವಳಿಗೂ ಕೋವಿಗೂ ಏನು ನಂಟು? ನಂಟು ಬಂದದ್ದು ನನ್ನ ತಂಗಿಯ ಮಗನಿಂದ. ಸೈನ್ಯದಲ್ಲಿರುವ ಹುಡುಗ. ರಜೆಯಲ್ಲಿ ಊರಿಗೆ ಹೋಗುವಾಗ ಸಿಕಂದರಾಬಾದಿನಲ್ಲಿ ಇಳಿದು ನಮ್ಮ ಮನೆಯಲ್ಲಿ ಎರಡು ದಿನ ಇದ್ದ. ಪತ್ರಿಕೆಯಲ್ಲಿ ಹೊಸ ರೈಫಲಿನ ಚಿತ್ರ ನೋಡಿ, "ಎಷ್ಟು ಚೆನ್ನಾಗಿದೆಯಲ್ಲೋ" ಎಂದೆ. ಅವನು ಚಹಾ ಲೋಟ ಕೆಳಗಿಟ್ಟು, "ದೊಡ್ಡಮ್ಮ, ಚೆನ್ನಾಗಿರೋದು ಮುಖ್ಯ ಅಲ್ಲ. ನೀವು ಕುಕ್ಕರ್ ತಗೊಳ್ಳುವಾಗ ಏನು ನೋಡ್ತೀರಿ ಹೇಳಿ" ಎಂದ.

ಕುಕ್ಕರಿನ ಮಾತು ಬಂದರೆ ನನಗೆ ಹಳೆಯ ಗಾಯ ನೆನಪಾಗುತ್ತದೆ. ಬಹಳ ವರ್ಷಗಳ ಹಿಂದೆ ನಾನೂ ಪಕ್ಕದ ಮನೆಯ ಆಂಧ್ರದ ಅಕ್ಕನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ ಕುಕ್ಕರ್ ಕೊಂಡೆವು. ಅವರದು ಇಂದಿಗೂ ಸೀಟಿ ಹಾಕುತ್ತಿದೆ. ನನ್ನದು ಮೂರನೇ ತಿಂಗಳಿಗೆ ಸೇಫ್ಟಿ ವಾಲ್ವ್ ಹಾರಿ, ಬೇಳೆಯೆಲ್ಲ ಅಡುಗೆ ಮನೆಯ ಮಾಡಿಗೆ ಅಂಟಿತು. ಪುಣ್ಯಕ್ಕೆ ನಾನು ಪಡಸಾಲೆಯಲ್ಲಿದ್ದೆ. ಅಂಗಡಿಯವನು ಹೇಳಿದ್ದೇನು ಗೊತ್ತೇ? "ನೀವೇ ಗ್ಯಾಸ್ಕೆಟ್ ಸರಿಯಾಗಿ ಕೂರಿಸಿಲ್ಲಮ್ಮ."

ಇದನ್ನು ಕೇಳಿ ಹುಡುಗ ನಕ್ಕ. "ಎರಡೂ ಕುಕ್ಕರಿನ ನಕ್ಷೆ ಒಂದೇ ದೊಡ್ಡಮ್ಮ, ತಯಾರಿಕೆ ಬೇರೆ ಬೇರೆ ಆಗಿಬಿಟ್ಟಿದೆ. ರೈಫಲ್ ಕೊಳ್ಳುವಾಗಲೂ ಇದೇ ಎರಡು ಪ್ರಶ್ನೆ. ನಕ್ಷೆ ಒಳ್ಳೆಯದೋ? ಹತ್ತು ಸಾವಿರನೇ ರೈಫಲೂ ಮೊದಲನೆಯದರಂತೆಯೇ ಇರುತ್ತದೋ?"

ನಾನು ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಸೆಮಿ ಆಟೋಮ್ಯಾಟಿಕ್ ಎಂದರೆ ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು, ಆದರೆ ಮುಂದಿನ ತೋಟಾ ತಾನಾಗಿಯೇ ನಳಿಗೆಗೆ ಏರುತ್ತದೆ. ಸಾಮಾನ್ಯವಾಗಿ ಸಿಡಿದ ಮದ್ದಿನ ಅನಿಲದಲ್ಲಿ ಒಂದು ಪಾಲು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಚಿಪ್ಪು ಹೊರಗೆ ಹಾರುತ್ತದೆ, ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತರುವಾಗ ಮ್ಯಾಗಜಿನ್ನಿನಿಂದ ಹೊಸ ತೋಟಾ ಸೇರುತ್ತದೆ. (ನಮ್ಮ ಸಂಘದ ಮ್ಯಾಗಜಿನ್ ಅಲ್ಲ, ತೋಟಾ ತುಂಬುವ ಡಬ್ಬಿ.) ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಧೂಳು, ಚಳಿಗೆ ಗಟ್ಟಿಯಾದ ಎಣ್ಣೆ, ಸೊರಗಿದ ಸ್ಪ್ರಿಂಗು, ಸ್ವಲ್ಪ ಬಾಗಿದ ಡಬ್ಬಿಯ ಬಾಯಿ, ಇವುಗಳಲ್ಲಿ ಒಂದು ಸಾಕು, ಕೋವಿ ಕೋಲಾಗುತ್ತದೆ.

ನಮ್ಮ ಸೈನಿಕರು 1962ರ ಚೀನಾ ಯುದ್ಧದಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ತ್ರೀ ನಾಟ್ ತ್ರೀ ಹಿಡಿದು ಹೋರಾಡಿದರು. ಅನಂತರ ಬಂದದ್ದು ಸೆಮಿ ಆಟೋಮ್ಯಾಟಿಕ್ ಎಸ್‌ಎಲ್‌ಆರ್. ಬೆಲ್ಜಿಯಂ ಮೂಲದ ವಿನ್ಯಾಸ, ಬಂಗಾಳದ ಈಶಾಪುರದ ಕಾರ್ಖಾನೆಯ ತಯಾರಿಕೆ. ಭಾರವಾದರೂ ಗಟ್ಟಿಮುಟ್ಟು ಎಂದು ಹಳೆಯ ಸೈನಿಕರು ಈಗಲೂ ಹೊಗಳುತ್ತಾರೆ. ತೊಂಬತ್ತರ ದಶಕದಲ್ಲಿ ಅದರ ಜಾಗಕ್ಕೆ ನಮ್ಮದೇ ವಿನ್ಯಾಸದ ಇನ್ಸಾಸ್ ಬಂತು. ಅದರಲ್ಲಿ ಒಂದೊಂದೇ ಗುಂಡನ್ನೂ ಹಾರಿಸಬಹುದು, ಒಮ್ಮೆಗೆ ಮೂರು ಗುಂಡನ್ನೂ ಹಾರಿಸಬಹುದು. 1999ರಲ್ಲಿ ಕಾರ್ಗಿಲ್‌ನ ಹಿಮದಲ್ಲಿ ಅದಕ್ಕೆ ನಿಜವಾದ ಪರೀಕ್ಷೆಯಾಯಿತು. ಚಳಿಗೆ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಡುತ್ತದೆ, ತೋಟಾ ಸಿಕ್ಕಿಕೊಳ್ಳುತ್ತದೆ, ಮೂರಕ್ಕೆ ನಿಲ್ಲಬೇಕಾದದ್ದು ನಿಲ್ಲುವುದಿಲ್ಲ ಎಂಬ ದೂರುಗಳು ಬಂದವು. 2005ರಲ್ಲಿ ನೇಪಾಳದ ಸೈನ್ಯವೂ ಮಾವೋವಾದಿಗಳೊಡನೆ ನಡೆದ ಕಾಳಗದ ನಂತರ ಇದೇ ರೈಫಲಿನ ಮೇಲೆ ದೂರು ಹೇಳಿತು. ನಮ್ಮವರ ಉತ್ತರ, ನೀವು ಸರಿಯಾಗಿ ಬಳಸಿಲ್ಲ ಎಂಬ ಅರ್ಥದ್ದು. ನನಗೆ ಕುಕ್ಕರ್ ಅಂಗಡಿ ನೆನಪಾಯಿತು. ಯಾರ ಮಾತು ಎಷ್ಟು ಸರಿಯೋ ತೀರ್ಪು ಕೊಡಲು ನಾನು ಯಾರು? ಇನ್ಸಾಸ್ ಆಮೇಲೆ ಸುಧಾರಣೆ ಕಂಡದ್ದೂ ನಿಜ, ಎರಡು ದಶಕಕ್ಕೂ ಹೆಚ್ಚು ಕಾಲ ಲಕ್ಷಾಂತರ ಜವಾನರು ಅದನ್ನು ಹೊತ್ತದ್ದೂ ನಿಜ. ಆದರೆ ಚಳಿಗೆ ಒಡೆಯುವ ಡಬ್ಬಿ ಚಳಿಯಲ್ಲೇ ಪರೀಕ್ಷೆಯಾಗಬೇಕಿತ್ತು, ಶತ್ರುವಿನ ಎದುರಿಗಲ್ಲ.

ನಮ್ಮವರನ್ನೇ ಬೈಯುತ್ತೇನೆಂದು ತಿಳಿಯಬೇಡಿ. ಸಿರಿವಂತ ಅಮೆರಿಕವೂ ಇದಕ್ಕಿಂತ ದೊಡ್ಡ ತಪ್ಪು ಮಾಡಿದೆ. ವಿಯೆಟ್ನಾಂ ಯುದ್ಧದಲ್ಲಿ ಅವರು ಎಂ-16 ಎಂಬ ಹೊಸ, ಹಗುರ ರೈಫಲ್ ಕೊಟ್ಟರು. ನಕ್ಷೆ ಒಳ್ಳೆಯದೇ. ಆದರೆ ಪರೀಕ್ಷೆ ಮಾಡುವಾಗ ಬಳಸಿದ ಮದ್ದೇ ಬೇರೆ, ಆಮೇಲೆ ತೋಟಾದಲ್ಲಿ ತುಂಬಿದ ಮದ್ದೇ ಬೇರೆ. ತೋಟಾ ಕೂರುವ ಗೂಡಿಗೆ ಕ್ರೋಮ್ ಲೇಪ ಇರಲಿಲ್ಲ. ಆ ಮಳೆಕಾಡಿನಲ್ಲಿ ತುಕ್ಕು ಹಿಡಿಯಿತು. ಇದಕ್ಕೆ ಹೆಚ್ಚು ಒರೆಸುವ ಕೆಲಸವಿಲ್ಲ ಎಂಬ ನಂಬಿಕೆಯಲ್ಲಿ ಅನೇಕರಿಗೆ ಒರೆಸುವ ಸಾಮಾನನ್ನೂ ಕೊಡಲಿಲ್ಲ. ಚಿಪ್ಪು ಒಳಗೇ ಕಚ್ಚಿಕೊಂಡು, ಅದನ್ನು ಕೀಳಲು ಹೆಣಗುತ್ತಲೇ ಹುಡುಗರು ಸತ್ತರು. ಅವರ ತಾಯಂದಿರು ಊರಲ್ಲಿ ಟಿ.ವಿ. ಮುಂದೆ ಕೂತಿದ್ದಿರಬೇಕು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಬಳಿಕ ಗೂಡಿಗೆ ಕ್ರೋಮ್ ಬಂತು, ಒರೆಸುವ ಸಾಮಾನು ಬಂತು. ಜೊತೆಗೆ ವಿಲ್ ಐಸ್ನರ್ ಎಂಬ ಹೆಸರಾಂತ ಚಿತ್ರಕಾರರಿಂದ ಕಾಮಿಕ್ಸ್ ರೂಪದ ಕೈಪಿಡಿ ಬರೆಸಿ ಸೈನಿಕರಿಗೆ ಹಂಚಿದರು. ಕಾಮಿಕ್ಸ್ ಓದಿದರೆ ಬೈಯುವ ನಿಮ್ಮ ಅಪ್ಪಂದಿರಿಗೆ ಇದನ್ನು ತಿಳಿಸಿ.

ಈಗ ನಮ್ಮ ಊರಿಗೆ ಬರೋಣ. 2024ರ ಜನವರಿ 8ರಂದು ಪುಣೆಯಲ್ಲಿ 'ಉಗ್ರಂ' ಎಂಬ ಹೊಸ ರೈಫಲನ್ನು ಅನಾವರಣ ಮಾಡಿದರು. ಡಿಆರ್‌ಡಿಒದ ಪುಣೆ ಪ್ರಯೋಗಾಲಯ ಮತ್ತು ನಮ್ಮ ಹೈದರಾಬಾದಿನ ದ್ವಿಪ ಆರ್ಮರ್ ಎಂಬ ಖಾಸಗಿ ಸಂಸ್ಥೆ ಸೇರಿ ಮಾಡಿದ್ದು. 7.62 ಮಿ.ಮೀ. ಗುಂಡು, ತೂಕ 4 ಕಿಲೋಗಿಂತ ಕಡಿಮೆ, 500 ಮೀಟರ್ ಗುರಿ, ಡಬ್ಬಿಯಲ್ಲಿ 20 ತೋಟಾ. ಒಂದೊಂದಾಗಿಯೂ ಹಾರಿಸಬಹುದು, ಸತತವಾಗಿಯೂ ಹಾರಿಸಬಹುದು. ನೂರು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ತಯಾರಾಯಿತು ಎಂದು ಪತ್ರಿಕೆಗಳು ಹೊಗಳಿದವು. ಊರಿನ ಹೆಸರು ಕೇಳಿ ನನಗೂ ಹೆಮ್ಮೆಯೇ. ಆದರೆ ನೂರು ದಿನ ಎಂದರೆ ಒಂದು ಮಳೆಗಾಲವೂ ಪೂರ್ತಿ ಆಗದ ಅವಧಿ. ಮಾದರಿ ಮಾಡಲು ಅಷ್ಟು ಸಾಕಿರಬಹುದು. ನಂಬಲು ರಾಜಸ್ಥಾನದ ಬೇಸಿಗೆ ಬೇಕು, ಲಡಾಖಿನ ಚಳಿ ಬೇಕು. ಮರಳುಗಾಡು ಮತ್ತು ಎತ್ತರದ ಪ್ರದೇಶಗಳ ಪರೀಕ್ಷೆ ಮುಂದೆ ನಡೆಯಬೇಕೆಂದು ಅಂದೇ ಹೇಳಿದ್ದರು. ಆ ಸಾಲು ಓದಿ ನನಗೆ ಸಮಾಧಾನವಾಯಿತು.

ಕನ್ನಡ ನಾಡಿನಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಎಂಬ ಸ್ಪ್ರಿಂಗ್ ತಯಾರಕರ ಬಳಗದ್ದು. ಸ್ಪ್ರಿಂಗು ಮಾಡುವವರು ರೈಫಲಿಗೆ ಕೈ ಹಾಕಿದ್ದು ನನಗೆ ಬಹಳ ಸರಿಯೆನಿಸಿತು. ಸ್ಪ್ರಿಂಗು ಕೈಕೊಟ್ಟರೆ ಉಳಿದದ್ದೆಲ್ಲ ಬರೀ ಕಬ್ಬಿಣ ತಾನೇ?

ಹಾಗಾದರೆ ಕೊಳ್ಳುವವರು ಏನು ಕೇಳಬೇಕು? ಹುಡುಗ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಒಂದು ಪರೀಕ್ಷೆ. ಹತ್ತು ರೈಫಲ್ ತೆಗೆದುಕೊಂಡು ಎಲ್ಲವನ್ನೂ ಬಿಚ್ಚಿ, ಬಿಡಿಭಾಗಗಳನ್ನು ಒಂದೇ ರಾಶಿಯಲ್ಲಿ ಕಲೆಸಿ, ಮತ್ತೆ ಜೋಡಿಸಿ ಹಾರಿಸುವುದು. ಹತ್ತೂ ಹಾರಿದರೆ ಅಳತೆ ಸರಿಯಾಗಿದೆ ಎಂದರ್ಥ. ಇನ್ನೊಂದು, ನಳಿಗೆಯಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ತಡೆದುಕೊಂಡರೆ ಮುದ್ರೆ ಒತ್ತುವುದು. ಈ ಮುದ್ರೆಯನ್ನು ನೋಡಿ ಮೋಸ ಹೋಗಬಾರದಂತೆ. ಕೋವಿ ಕೈಯಲ್ಲಿ ಸಿಡಿಯುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ, ಸಾವಿರನೇ ಗುಂಡು ಸಿಕ್ಕಿಕೊಳ್ಳುವುದಿಲ್ಲ ಎಂದು ಹೇಳುವುದಿಲ್ಲ. ಅದಕ್ಕೆ ಸಾವಿರಾರು ಗುಂಡು ಹಾರಿಸಿ, ಎಷ್ಟನೆಯದಕ್ಕೆ ನಿಂತಿತು, ಏಕೆ ನಿಂತಿತು ಎಂದು ಸುಳ್ಳಿಲ್ಲದೆ ಬರೆದಿಡಬೇಕು. ತೋಟಾ ಬದಲಾದರೆ, ಸ್ಪ್ರಿಂಗಿನ ಉಕ್ಕು ಬದಲಾದರೆ, ಪರೀಕ್ಷೆ ಮತ್ತೆ ಮೊದಲಿನಿಂದ. ಪರೀಕ್ಷೆಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ ಎಂದು ಯಾರಾದರೂ ಹೇಳಿದರೆ ಪುಸ್ತಕ ತೋರಿಸಿ ಎನ್ನಬೇಕು.

ಸೈನ್ಯದ ರೈಫಲುಗಳು ನಮ್ಮಂಥ ಸಾಮಾನ್ಯರು ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಅದಕ್ಕೆ ಅಡ್ಡ ನಿಂತಿದೆ, ಒಳ್ಳೆಯದೇ ಆಯಿತು. ಕೊಡವರಿಗೆ ಮಾತ್ರ ಕೆಲವು ಬಗೆಯ ಕೋವಿಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಪೂಜೆಗೆ ಮೊದಲು ಒರೆಸಿ ಶುಚಿ ಮಾಡುತ್ತಾರೆ ಎಂಬುದು ನನಗೆ ಹೆಚ್ಚು ಮೆಚ್ಚಿಗೆ.

ಹಾಗಾದರೆ ನಿಮಗೇಕೆ ಇದನ್ನೆಲ್ಲ ಹೇಳಿದೆ? ನಿಮ್ಮಲ್ಲಿ ಬಹಳ ಮಂದಿ ಕೊಳ್ಳುವವರಲ್ಲ, ಮಾಡುವವರು, ತಪಾಸಣೆ ಮಾಡಿ ಸಹಿ ಹಾಕುವವರು. ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಮ್ಮಂಥದೇ ಒಬ್ಬ ಹುಡುಗ ನನ್ನ ಪಕ್ಕ ಕೂತಿದ್ದ. ಕನ್ನಡ ಮಾತಾಡುತ್ತಾನೆ, ಓದಲು ತಡವರಿಸುತ್ತಾನೆ. ಇದನ್ನು ಅವನ ಅಮ್ಮನೇ ಓದಿ ಹೇಳಬೇಕು. ನಗರದಾಚೆ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಸೈನ್ಯಕ್ಕೆ ಹೋಗುವ ಸಣ್ಣ ಬಿಡಿಭಾಗ, ಯಾವುದಕ್ಕೆಂದು ಅವನಿಗೂ ಹೇಳಿಲ್ಲ. ತಿಂಗಳ ಕೊನೆಯಲ್ಲಿ ಮಾಲು ಹೊರಡಬೇಕು, ಅಳತೆ ಕೂದಲೆಳೆಯಷ್ಟು ತಪ್ಪಿದೆ. ಮೇಲಿನವರು, "ಇಷ್ಟಕ್ಕೆಲ್ಲ ಏನಾಗುತ್ತೆ, ಸಹಿ ಹಾಕು" ಎಂದರಂತೆ. ಇವನು ಹಾಕಲಿಲ್ಲ. ಮಾಲು ತಡವಾಯಿತು. ಒಂದು ವಾರ ಆ ಸಾಹೇಬರು ಇವನೊಡನೆ ಮಾತಾಡಲಿಲ್ಲವಂತೆ. "ನಾನು ಮಾಡಿದ್ದು ಸರೀನಾ ಆಂಟಿ?" ಎಂದು ಹೋಳಿಗೆ ಮುರಿಯುತ್ತಾ ಕೇಳಿದ.

ಆ ರಾತ್ರಿ ತಂಗಿಯ ಮಗ ಫೋನ್ ಮಾಡಿದಾಗ ಈ ಸಂಗತಿ ಹೇಳಿದೆ. ಅವನು ಎಲ್ಲಿದ್ದಾನೆಂದು ನಾವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಫೋನಿನಲ್ಲಿ ಗಾಳಿಯ ಸದ್ದು ಮಾತ್ರ ಜೋರಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗನ ನಂಬರ್ ಇದ್ದರೆ ಕಳಿಸಿ ದೊಡ್ಡಮ್ಮ" ಎಂದ.