ಹೊಟ್ಟೆ ತುಂಬಿದ ಮೇಲೂ ಕೈ ಚಾಚುವ ಗಿರಾಕಿ: ಡೋಪಮೈನ್ ಮತ್ತು ನಮ್ಮ ಉದ್ಯಮ

ಮಧ್ಯಾಹ್ನ ರೈಸ್ ಪ್ಲೇಟ್ ಮುಗಿಸಿದ ಗಿರಾಕಿ ಕೈ ತೊಳೆದು ಗಲ್ಲೆಯ ಹತ್ತಿರ ಬರುತ್ತಾನೆ. ಬಿಲ್ಲು ಕೊಡುವಷ್ಟರಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಮೈಸೂರು ಪಾಕ್ ಕಣ್ಣಿಗೆ ಬೀಳುತ್ತದೆ. "ಅದೊಂದು ಕೊಡಿ" ಎನ್ನುತ್ತಾನೆ. ಐದು ನಿಮಿಷದ ಹಿಂದೆ ಇದೇ ಮನುಷ್ಯ ಸಪ್ಲಾಯರನಿಗೆ "ಅನ್ನ ಬೇಡ ಮಾರಾಯ, ಹೊಟ್ಟೆಯಲ್ಲಿ ಜಾಗ ಇಲ್ಲ" ಎಂದು ತಟ್ಟೆಗೆ ಕೈ ಅಡ್ಡ ಹಿಡಿದಿದ್ದ! ಗಲ್ಲೆಯಲ್ಲಿ ಕೂತ ಯಾವ ಮಾಲಕರಿಗೂ ಈ ದೃಶ್ಯ ಹೊಸತಲ್ಲ. ಸಿಹಿಯ ಪೆಟ್ಟಿಗೆಯನ್ನು ಗಲ್ಲೆಯ ಪಕ್ಕದಲ್ಲೇ ಇಡಬೇಕೆಂದು ನಮ್ಮ ಹಿರಿಯರಿಗೆ ಯಾವ ವಿಜ್ಞಾನಿಯೂ ಹೇಳಿಕೊಟ್ಟಿರಲಿಲ್ಲ. ಆದರೆ ಅದು ಏಕೆ ಫಲಿಸುತ್ತದೆ ಎಂಬುದಕ್ಕೆ ಈಗ ಒಳ್ಳೆಯ ವಿವರಣೆ ಸಿಕ್ಕಿದೆ. ಆ ವಿವರಣೆಯ ನಡುವಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ.

ಡೋಪಮೈನ್ ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಳಸುವ ವಸ್ತು. 1950ರ ದಶಕದವರೆಗೂ ಇದನ್ನು ಬೇರೊಂದು ರಾಸಾಯನಿಕ ತಯಾರಾಗುವಾಗ ನಡುವೆ ಸಿಗುವ ಕಚ್ಚಾ ಮಾಲು ಎಂದಷ್ಟೇ ತಿಳಿದಿದ್ದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ತಂಡದವರು ಮೊಲಗಳಿಗೆ ರೆಸರ್ಪಿನ್ ಎಂಬ ಔಷಧಿ ಕೊಟ್ಟು ಅವು ಅಲ್ಲಾಡದೆ ಬೀಳುವಂತೆ ಮಾಡಿದರು. ಬಳಿಕ ಎಲ್-ಡೋಪಾ ಕೊಟ್ಟಾಗ ಮೊಲಗಳು ಎದ್ದು ಓಡಾಡಿದವು. ಎಲ್-ಡೋಪಾ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಈ ಸಂಶೋಧನೆಗಾಗಿ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ಕುತೂಹಲದ ಸಂಗತಿಯೆಂದರೆ ಆ ಪ್ರಯೋಗದ ಎರಡೂ ವಸ್ತುಗಳಿಗೆ ನಮ್ಮ ನೆಲದ ನಂಟಿದೆ. ರೆಸರ್ಪಿನ್ ನಮ್ಮ ಸರ್ಪಗಂಧದ ಬೇರಿನಿಂದ ತೆಗೆದದ್ದು. ಎಲ್-ಡೋಪಾ ನಮ್ಮ ಊರಿನ ಬೇಲಿಯಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿದೆ ಎಂದು 1937ರಲ್ಲೇ ಮದ್ರಾಸಿನ ಇಬ್ಬರು ವಿಜ್ಞಾನಿಗಳು ತೋರಿಸಿದ್ದರು.

ಇರಲಿ, ಊಟದ ವಿಷಯಕ್ಕೆ ಬರೋಣ.

ಹಸಿವು ಬೇರೆ, ಆಸೆ ಬೇರೆ

ಹಸಿವಿನ ಲೆಕ್ಕ ಇಡುವ ಏರ್ಪಾಡು ದೇಹದಲ್ಲಿ ಪ್ರತ್ಯೇಕವಾಗಿಯೇ ಇದೆ. ಹೊಟ್ಟೆ ಖಾಲಿಯಾದಾಗ ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನವರು ಕಂಡುಹಿಡಿದರು. ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ವರದಿ ಕೊಡುವ ಲೆಪ್ಟಿನ್ 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇವು ಸ್ಟೋರ್ ರೂಮಿನ ರಿಜಿಸ್ಟರು. ಅಕ್ಕಿ ಎಷ್ಟಿದೆ, ಬೇಳೆ ಎಷ್ಟಿದೆ ಎಂಬ ಲೆಕ್ಕ ಅಷ್ಟೆ. ಆದರೆ ರಸ್ತೆಯಲ್ಲಿ ಹೋಗುತ್ತಿದ್ದವನು ಒಗ್ಗರಣೆಯ ವಾಸನೆಗೆ ನಿಂತು, ಮೆಟ್ಟಿಲು ಹತ್ತಿ, ಕುರ್ಚಿ ಎಳೆದು ಕೂರಬೇಕಾದರೆ ಲೆಕ್ಕ ಸಾಲದು, ಆಸೆ ಹುಟ್ಟಬೇಕು. ಅದು ಡೋಪಮೈನಿನ ಕೆಲಸ. ಹಸಿದಾಗ ಗ್ರೆಲಿನ್ ಡೋಪಮೈನ್ ಕೋಶಗಳನ್ನೂ ತಟ್ಟಿ ಎಬ್ಬಿಸುತ್ತದೆ. ಹಸಿದವನನ್ನು ಅದೇ ವಾಸನೆ ಹೆಚ್ಚು ಸೆಳೆಯುವುದು ಇದರಿಂದಲೂ ಹೌದು.

ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇದು ಪೂರ್ತಿ ಸರಿಯಲ್ಲ. 1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮೆದುಳಿಗೆ ಸಣ್ಣ ತಂತಿ ಇಟ್ಟು, ಒಂದು ಸನ್ನೆ ಒತ್ತಿದರೆ ಕಿಂಚಿತ್ ವಿದ್ಯುತ್ ಹರಿಯುವಂತೆ ಮಾಡಿದ್ದರು. ಇಲಿ ಮತ್ತೆ ಮತ್ತೆ ಆ ಸನ್ನೆಯನ್ನೇ ಒತ್ತತೊಡಗಿತು. ಮೆದುಳಿನಲ್ಲಿ ಸುಖದ ಕೇಂದ್ರ ಸಿಕ್ಕಿತೆಂದು ಎಲ್ಲರೂ ಭಾವಿಸಿದರು. ಆ ಕೇಂದ್ರಕ್ಕೆ ಡೋಪಮೈನ್ ಹರಿಯುತ್ತದೆಂದು ತಿಳಿದ ಮೇಲೆ ಅದಕ್ಕೇ ಸುಖದ ಪಟ್ಟ ಕಟ್ಟಿದರು.

ಈ ನಂಬಿಕೆಯನ್ನು ಅಲುಗಾಡಿಸಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್. 1989ರಲ್ಲಿ ಅವರ ತಂಡ ಇಲಿಗಳ ಮೆದುಳಿನ ಡೋಪಮೈನನ್ನು ಬಹುಪಾಲು ನಾಶ ಮಾಡಿ ನೋಡಿತು. ಆ ಇಲಿಗಳು ತಾವಾಗಿ ತಿನ್ನುವುದನ್ನೇ ಬಿಟ್ಟವು. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ ಮೊದಲಿನಂತೆಯೇ ತುಟಿ ಚಪ್ಪರಿಸಿದವು! ರುಚಿ ಹೋಗಿರಲಿಲ್ಲ, ಬೇಕೆನ್ನುವ ತುಡಿತ ಹೋಗಿತ್ತು. ಸಿಯಾಟಲ್‌ನ ರಿಚರ್ಡ್ ಪಾಮಿಟರ್ ಅವರ ಪ್ರಯೋಗಾಲಯದಲ್ಲಿ 1995ರಲ್ಲಿ ಹುಟ್ಟಿನಿಂದಲೇ ಡೋಪಮೈನ್ ತಯಾರಿಸಲಾಗದ ಇಲಿಮರಿಗಳನ್ನು ಬೆಳೆಸಿದರು. ಕೆಲವೇ ವಾರಗಳಲ್ಲಿ ಅವು ಆಹಾರ ಮುಂದಿದ್ದರೂ ತಿನ್ನದೆ ಸೊರಗಿ ಸತ್ತವು. ದಿನವೂ ಎಲ್-ಡೋಪಾ ಚುಚ್ಚಿದರೆ ಕೆಲವು ಗಂಟೆ ಲವಲವಿಕೆಯಿಂದ ತಿನ್ನುತ್ತಿದ್ದವು. ಔಷಧಿಯ ಶಕ್ತಿ ಇಳಿದೊಡನೆ ಮತ್ತೆ ಅದೇ ಸ್ಥಿತಿ. ಇದನ್ನು ಓದಿದಾಗ ನಮಗೆ ಅನಿಸಿದ್ದು, ಹಸಿವೆಯೊಂದೇ ಬದುಕಿಸಲಾರದು, ಆಸೆಯೂ ಬೇಕು ಎಂದು.

ಇನ್ನೊಂದು ಪ್ರಯೋಗ ನಮ್ಮ ವ್ಯಾಪಾರಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ಜಾನ್ ಸಲಮೋನ್ ಅವರು ಇಲಿಯ ಮುಂದೆ ಎರಡು ದಾರಿ ಇಟ್ಟರು. ಸನ್ನೆ ಹಲವು ಸಲ ಒತ್ತಿದರೆ ರುಚಿಯಾದ ತಿಂಡಿ, ಸುಮ್ಮನಿದ್ದರೆ ಪಕ್ಕದಲ್ಲೇ ಸಪ್ಪೆ ಆಹಾರ. ಆರೋಗ್ಯವಂತ ಇಲಿ ಕಷ್ಟಪಟ್ಟು ರುಚಿಯನ್ನೇ ಗಳಿಸುತ್ತದೆ. ಡೋಪಮೈನ್ ತಗ್ಗಿಸಿದರೆ ಸಪ್ಪೆಯದ್ದನ್ನೇ ತಿಂದು ಸುಮ್ಮನಾಗುತ್ತದೆ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ಸಿದ್ಧವಿದ್ದರೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು, ಹೆಸರು ಬರೆಸಿ, ಫುಟ್‌ಪಾತ್‌ನಲ್ಲಿ ಅರ್ಧ ಗಂಟೆ ಕಾಯುವ ಗಿರಾಕಿಯನ್ನು ನೆನೆಸಿಕೊಳ್ಳಿ. ಆತನಿಗೆ ಬಿಸಿಲಿನಲ್ಲಿ ನಿಲ್ಲುವ ಶಕ್ತಿ ಕೊಡುವುದರಲ್ಲಿ ಡೋಪಮೈನಿನ ಪಾಲೂ ಇದೆ.

ಸಾಂಬಾರಿನ ರುಚಿ ಮತ್ತು ಕೋತಿಗಳ ಹಣ್ಣಿನ ರಸ

ನಮ್ಮ ಸದಸ್ಯ ಬಾಂಧವರು ಬೇರೆಲ್ಲ ಮರೆತರೂ ಈ ಭಾಗವನ್ನು ನೆನಪಿಡಬೇಕು ಎಂಬುದು ನಮ್ಮ ಕೋರಿಕೆ. ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ವೋಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳ ಮೆದುಳಿನ ಒಂದೊಂದೇ ಡೋಪಮೈನ್ ಕೋಶದ ಮಿಡಿತವನ್ನು ದಾಖಲಿಸಿದರು. ಅನಿರೀಕ್ಷಿತವಾಗಿ ಬಾಯಿಗೆ ಹಣ್ಣಿನ ರಸ ಬಿದ್ದಾಗ ಕೋಶ ಜೋರಾಗಿ ಮಿಡಿಯಿತು. ಆಮೇಲೆ ಪ್ರತಿ ಸಲವೂ ಒಂದು ಸೂಚನೆ ತೋರಿಸಿ, ಸ್ವಲ್ಪ ತಡೆದು ರಸ ಕೊಡತೊಡಗಿದರು. ಅಭ್ಯಾಸವಾದ ಮೇಲೆ ಕೋಶ ರಸಕ್ಕೆ ಮಿಡಿಯಲಿಲ್ಲ, ಸೂಚನೆ ಕಂಡೊಡನೆ ಮಿಡಿಯಿತು! ಒಂದು ದಿನ ಸೂಚನೆ ತೋರಿಸಿ ರಸ ಕೊಡದೆ ಬಿಟ್ಟರು. ಸರಿಯಾಗಿ ರಸ ಬರಬೇಕಿದ್ದ ಕ್ಷಣಕ್ಕೆ ಕೋಶದ ಮಿಡಿತ ಮಾಮೂಲಿಗಿಂತಲೂ ಕೆಳಗೆ ಇಳಿಯಿತು. ಡೋಪಮೈನ್ ಲೆಕ್ಕ ಹಾಕುವುದು ಸಿಕ್ಕಿದ್ದನ್ನಲ್ಲ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಎಂದು 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಬರೆದರು.

ಇದನ್ನು ನಮ್ಮ ಅಡುಗೆ ಮನೆಗೆ ತನ್ನಿ. ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಶಬ್ದ, ಡಿಕಾಕ್ಷನ್ನಿನ ಪರಿಮಳ, ಬಾಗಿಲ ಮೇಲಿನ ಹೆಸರು ಇವೆಲ್ಲ ಹಳೆಯ ಗಿರಾಕಿಗೆ ಸೂಚನೆಗಳು. ಆತನ ಡೋಪಮೈನ್ ಬಾಗಿಲಲ್ಲೇ ಮಿಡಿದುಬಿಟ್ಟಿದೆ. ಒಳಗೆ ಬಂದ ಮೇಲೆ ಸಾಂಬಾರು ಎಂದಿನಂತಿದ್ದರೆ ಆತ ಹೊಗಳುವುದಿಲ್ಲ, ಮಾತೂ ಆಡುವುದಿಲ್ಲ, ತಿಂದು ಹೋಗುತ್ತಾನೆ. ಮೇ ತಿಂಗಳಲ್ಲಿ ಭಟ್ಟರು ಊರಿಗೆ ಹೋಗಿ, ಬದಲಿ ಬಂದವರು ಬೆಲ್ಲ ಒಂದು ಹಿಡಿ ಹೆಚ್ಚು ಹಾಕಿದರೆ ಮಾತ್ರ ಅದೇ ದಿನ ಗೊತ್ತಾಗುತ್ತದೆ. "ಏನು ಶೆಟ್ರೆ, ಟೇಸ್ಟ್ ಬದಲಾಯಿತಲ್ಲ?" ಸಾಂಬಾರು ಕೆಟ್ಟಿರಬೇಕೆಂದೇನೂ ಇಲ್ಲ. ಬೇರೆ ಹೋಟೆಲಿನಲ್ಲಿ ಸಿಕ್ಕಿದ್ದರೆ ಆತನೇ ಮೆಚ್ಚುತ್ತಿದ್ದನೋ ಏನೋ! ಇಲ್ಲಿ ನಿರೀಕ್ಷೆ ತಪ್ಪಿತು. ರೇಟು ಐದು ರೂಪಾಯಿ ಏರಿಸುವಾಗ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ಮಸಾಲೆ ಹುರಿಯುವವರು ಬದಲಾದಾಗ ಅಷ್ಟು ಯೋಚಿಸುವುದಿಲ್ಲ. ಎರಡರಲ್ಲಿ ಹೆಚ್ಚು ದುಬಾರಿ ಎರಡನೆಯದೇ ಎಂದು ನಮ್ಮ ಅಭಿಪ್ರಾಯ.

ಪುಕ್ಕಟೆ ಕೊಡುವುದರಲ್ಲೂ ಇದೇ ಲೆಕ್ಕ. ಮೊದಲ ಸಲ ಊಟದ ಜೊತೆ ಕೇಳದೆ ಒಂದು ಹಪ್ಪಳ ಬಂದಾಗ ಗಿರಾಕಿ ಖುಷಿಪಡುತ್ತಾನೆ. ತಿಂಗಳಾದ ಮೇಲೆ ಅದು ಆತನ ಹಕ್ಕು, ಖುಷಿ ಇಲ್ಲ. ನಿಲ್ಲಿಸಿದ ದಿನ ಜಗಳ. ಎರಡನೇ ಬಟ್ಟಲು ಸಾಂಬಾರಿಗೆ ಚಾರ್ಜು ಹಾಕಲು ಹೋದ ಮಿತ್ರರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಯಾವಾಗಲೊಮ್ಮೆ, ಯಾರಿಗೋ, ಹೇಳದೆ ಕೊಡುವುದೇ ಜಾಣತನ.

ಇನ್ನು ಮೈಸೂರು ಪಾಕಿನ ರಹಸ್ಯ. ಒಂದೇ ತಿನಿಸನ್ನು ತಿನ್ನುತ್ತಾ ಹೋದಂತೆ ಅದರ ಮೇಲಿನ ಆಸೆ ತಗ್ಗುತ್ತದೆ, ಬೇರೆ ರುಚಿಯ ಮೇಲಿನದು ಅಷ್ಟಾಗಿ ತಗ್ಗುವುದಿಲ್ಲ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ಮನುಷ್ಯರಲ್ಲೇ ಪರೀಕ್ಷಿಸಿ ತೋರಿಸಿದರು. 1999ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಒಂದು ಆಹಾರ ತಿಂದು ತಣಿದ ಇಲಿಗೆ ಅದನ್ನೇ ಮತ್ತೆ ಕೊಟ್ಟರೆ ಡೋಪಮೈನ್ ಹೆಚ್ಚೇನೂ ಏರುವುದಿಲ್ಲ, ಬೇರೆ ಆಹಾರ ಕೊಟ್ಟರೆ ಏರುತ್ತದೆ ಎಂದು ಅಳೆದು ನೋಡಿದರು. ನಮ್ಮ ಬಾಳೆ ಎಲೆಯ ಊಟದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಸಾರು, ಪಾಯಸ, ಮಜ್ಜಿಗೆ ಎಂದು ರುಚಿ ಬದಲಿಸುತ್ತಾ ಹೋಗುವುದೂ ಇದೇ. ಆದರೆ ಪಂಕ್ತಿಯಲ್ಲಿ ಒಂದೊಂದಾಗಿ ಬಡಿಸುವುದಕ್ಕೂ, ಬಫೆಯಲ್ಲಿ ಮೂವತ್ತು ಐಟಂ ಒಟ್ಟಿಗೆ ಕಣ್ಣಿಗೆ ಬೀಳುವುದಕ್ಕೂ ಅಂತರವಿದೆ. ಬಫೆಯಲ್ಲಿ ತಟ್ಟೆ ತುಂಬುವುದು ಆಸೆ, ಖಾಲಿ ಮಾಡಬೇಕಾದದ್ದು ಹೊಟ್ಟೆ. ಉಳಿದದ್ದು ಡ್ರಮ್ಮಿಗೆ. ಕೇಟರಿಂಗ್ ಮಾಡುವವರು ಪಾರ್ಟಿಯ ಜೊತೆ ಮೆನು ಕೂತು ಮಾತಾಡುವಾಗ ಹತ್ತು ಐಟಂ ಕಡಿಮೆ ಮಾಡಿಸಿ, ಉಳಿದದ್ದನ್ನು ಬಿಸಿಬಿಸಿಯಾಗಿ ಕೊಡಲು ಒಪ್ಪಿಸಿದರೆ ಇಬ್ಬರಿಗೂ ಲಾಭ.

ಬೆಣ್ಣೆ, ಸಕ್ಕರೆ ಮತ್ತು ನಮ್ಮ ಜವಾಬ್ದಾರಿ

ಜಿಡ್ಡಿನ ಜೊತೆಗೆ ಸಕ್ಕರೆ ಅಥವಾ ಹಿಟ್ಟು ಸೇರಿದಾಗ ಏನಾಗುತ್ತದೆ? ಯೇಲ್ ವಿಶ್ವವಿದ್ಯಾಲಯದ ಡಾನಾ ಸ್ಮಾಲ್ ತಂಡ 2018ರಲ್ಲಿ ಇದನ್ನು ಪರೀಕ್ಷಿಸಿತು. ಜಿಡ್ಡು ಮಾತ್ರ ಇರುವ ತಿಂಡಿ, ಹಿಟ್ಟು-ಸಕ್ಕರೆ ಮಾತ್ರ ಇರುವ ತಿಂಡಿ, ಎರಡೂ ಸೇರಿದ ತಿಂಡಿ. ಕ್ಯಾಲರಿ ಸಮ, ಮೆಚ್ಚುಗೆಯೂ ಸಮ. ಆದರೂ ಜನ ಹೆಚ್ಚು ಹಣ ಕೊಡಲು ಮುಂದಾದದ್ದು ಎರಡೂ ಸೇರಿದ್ದಕ್ಕೆ. ಮೆದುಳಿನಲ್ಲಿ ಡೋಪಮೈನ್ ದಟ್ಟವಾಗಿರುವ ಭಾಗವೂ ಅದಕ್ಕೇ ಹೆಚ್ಚು ಸ್ಪಂದಿಸಿತು. ಬೆಣ್ಣೆ ದೋಸೆ, ತುಪ್ಪ ಒಸರುವ ಶೀರಾ, ಪಾವ್ ಭಾಜಿ, ಗುಲಾಬ್ ಜಾಮೂನು... ನಮ್ಮ ಗಲ್ಲೆ ತುಂಬಿಸುವ ಐಟಂಗಳ ಪಟ್ಟಿ ನೋಡಿದರೆ ಹೆಚ್ಚು ವಿವರಿಸಬೇಕಿಲ್ಲ.

ಪ್ಯಾಕೆಟ್ ತಿಂಡಿಗಳ ವಿಷಯ ಇನ್ನೂ ಗಂಭೀರ. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರು 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಲು ಬಿಟ್ಟಿದ್ದರು. 2019ರ ವರದಿಯ ಪ್ರಕಾರ ಕಾರ್ಖಾನೆಯ ಆಹಾರದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಹಾಗೆಂದು ತಿಂಡಿಯನ್ನೆಲ್ಲ ಮಾದಕ ವಸ್ತು ಎಂದು ಬೊಬ್ಬೆ ಹಾಕುವವರ ಜೊತೆ ನಾವು ಸೇರುವುದಿಲ್ಲ. ಅದೇ ಸಂಸ್ಥೆಯಲ್ಲಿ 50 ಜನರಿಗೆ ಮಿಲ್ಕ್‌ಶೇಕ್ ಕುಡಿಸಿ ಸ್ಕ್ಯಾನ್ ಮಾಡಿದಾಗ ಡೋಪಮೈನಿನಲ್ಲಿ ಸರಾಸರಿ ಗಣನೀಯ ಏರಿಕೆ ಕಾಣಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ರೀತಿ ಇತ್ತು ಎಂದು 2025ರಲ್ಲಿ ಪ್ರಕಟವಾಗಿದೆ. ಮನುಷ್ಯ ಇಲಿಯಷ್ಟು ಸರಳನಲ್ಲ.

ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿದೆ. ಅವರಲ್ಲಿ ನಮ್ಮ ಗಿರಾಕಿಗಳಿದ್ದಾರೆ, ನಾವೂ ಇದ್ದೇವೆ. "ಬೆಣ್ಣೆ ಇನ್ನೊಂದು ಚಮಚ ಹಾಕು, ಗಿರಾಕಿ ಎಲ್ಲಿಗೂ ಹೋಗುವುದಿಲ್ಲ" ಎನ್ನುವ ಉಪಾಯ ಇವತ್ತಿನ ಬಿಲ್ಲಿಗೆ ಸರಿ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ 7 ಗಂಟೆಗೆ ಬರುವವನು ಡಾಕ್ಟರರ ಮಾತಿಗೆ ಹೆದರಿ ಬರುವುದನ್ನೇ ನಿಲ್ಲಿಸಿದರೆ ನಷ್ಟ ಯಾರಿಗೆ? ಆತನಿಗೆ ಬೇಕಾದದ್ದು ಆ ಕಾವಲಿಯ ಶಬ್ದ, ಆ ಚಟ್ನಿಯ ರುಚಿ. ಅದನ್ನು ಉಳಿಸಿ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರೆ ನಿರೀಕ್ಷೆಗೆ ಪೆಟ್ಟು ಬೀಳುವುದು ಕಡಿಮೆ. ಒಂದೇ ದಿನ ಇಳಿಸಿದರೆ ಹಿಡಿದುಬಿಡುತ್ತಾನೆ.

ಮಾಲಕರ ಮತ್ತು ಹುಡುಗರ ವಿಷಯ ಬೇರೆಯೇ ಹೇಳಬೇಕು. ದಿನವಿಡೀ ವಾಸನೆ, ಶಬ್ದ, ಬಣ್ಣಗಳ ನಡುವೆ ಇರುವವರು ನಾವು. ಮಧ್ಯಾಹ್ನದ ಊಟ 4 ಗಂಟೆಗೆ, ಶಟರ್ ಎಳೆದು ರಾತ್ರಿಯ ಊಟ 12ಕ್ಕೆ, ಬೆಳಿಗ್ಗೆ 5ಕ್ಕೆ ಮತ್ತೆ ಹಾಲಿನವನ ಗಂಟೆ. 2004ರಲ್ಲಿ ಷಿಕಾಗೋದಲ್ಲಿ 12 ಮಂದಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ನಿದ್ದೆ ಕೊಟ್ಟು ನೋಡಿದರು. ಹತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದರೆ ಹಸಿವಿನ ಗ್ರೆಲಿನ್ ಶೇ. 28 ಏರಿತ್ತು, ಲೆಪ್ಟಿನ್ ಶೇ. 18 ಇಳಿದಿತ್ತು, ಸಿಹಿ ಮತ್ತು ಉಪ್ಪು ತಿಂಡಿಗಳ ಆಸೆ ಹೆಚ್ಚಾಗಿತ್ತು. ಎರಡೇ ರಾತ್ರಿಗೆ ಹೀಗಾದರೆ, ಮೂವತ್ತು ವರ್ಷ ಹೀಗೆಯೇ ದುಡಿದವರ ಪಾಡೇನು? ಅಡುಗೆ ಹುಡುಗರಿಗೆ ಪಾಳಿ ಹಾಕಿ ಏಳು ಗಂಟೆಯಾದರೂ ಮಲಗಲು ಬಿಡುವುದು ದೊಡ್ಡ ಖರ್ಚಿನ ಮಾತಲ್ಲ.

ಕೊನೆಯದಾಗಿ ಒಂದು ಹೊಸ ಬೆಳವಣಿಗೆ. ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದಿವೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ. ಊಟದ ಬಳಿಕ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಇವು ಅನುಕರಿಸುತ್ತವೆ. ಹೊಟ್ಟೆ ಬೇಗ ತುಂಬಿದಂತಾಗುವುದು ಮಾತ್ರವಲ್ಲ, ತಲೆಯೊಳಗೆ ಸದಾ ಕೇಳುವ ತಿಂಡಿಯ ಗುನುಗು ನಿಂತಿತು ಎಂದು ಬಳಸಿದ ಹಲವರು ಹೇಳುತ್ತಾರೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥ ಔಷಧಿಗಳು ಡೋಪಮೈನಿನ ದಾರಿಯ ಮೇಲೂ ಪ್ರಭಾವ ಬೀರುವುದು ಕಂಡಿದೆ. ಇಂಥ ಗಿರಾಕಿ ಗೆಳೆಯರ ಜೊತೆ ಹೋಟೆಲಿಗೆ ಬರುತ್ತಾನೆ, ಆದರೆ ಪೂರ್ತಿ ಮಸಾಲೆ ದೋಸೆ ಆತನಿಂದಾಗದು. ಅರ್ಧ ಬಿಟ್ಟು ಏಳುವ ಸಂಕೋಚಕ್ಕೆ ಮುಂದಿನ ಸಲ ಬರಿಯ ಕಾಫಿ ಹೇಳುತ್ತಾನೆ. ರೇಟ್ ಬೋರ್ಡಿನಲ್ಲಿ ಸಿಂಗಲ್ ಇಡ್ಲಿ, ಮಿನಿ ದೋಸೆ, ಹಾಫ್ ರೈಸ್ ಪ್ಲೇಟ್ ಬರೆಸುವುದಕ್ಕೆ ಪೈಂಟರನ ಅರ್ಧ ದಿನದ ಕೂಲಿ ಸಾಕು.